ಜರತುಷ್ಟ್ರ ಮತವೂ ಪುನರ್ಜನ್ಮವೂ: ಒಂದು ಚರ್ಚೆಯ ಇತಿಹಾಸ

ಈಚಿನ ಕೆಲವು ವರ್ಷಗಳಿಂದ ನಮ್ಮ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಒಂದು ಮಾತು ಬಹು ಸಲೀಸಾಗಿ ಕೇಳಿಬರುತ್ತಿದೆ. ಪೂರ್ವದೇಶದ ಮತಗಳೆಲ್ಲವೂ ಪುನರ್ಜನ್ಮವನ್ನು ಒಪ್ಪಿದವುಗಳೇ. ಅಗ್ನಿಯನ್ನು ಆರಾಧಿಸುವ ಪಾರಸಿಗಳ ಮತವೂ ಇದಕ್ಕೆ ಹೊರತಲ್ಲ. ಜರತುಷ್ಟ್ರನ ಗಾಥೆಗಳ ಭಾಷೆ ವೇದಭಾಷೆಯ ಒಡಹುಟ್ಟಾದುದರಿಂದ ಅಲ್ಲಿಯೂ ಈ ತತ್ತ್ವ ಇದ್ದೇ ಇರಬೇಕು ಎಂಬುದೇ ಆ ಮಾತು. ಇದನ್ನು ಅಲ್ಲಗಳೆಯುವವರು ಇನ್ನೊಂದು ತುದಿಗೆ ಹೋಗಿ, ಪಾರಸಿಗಳಲ್ಲಿ ಯಾರಾದರೂ ಜನ್ಮಾಂತರವನ್ನು ನಂಬಿದರೆ ಅದು ಹಿಂದೂ ನೆರೆಹೊರೆಯಿಂದ ಮೊನ್ನೆ ಮೊನ್ನೆ ಅಂಟಿಕೊಂಡದ್ದೆಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಐವತ್ತು ವರ್ಷಗಳಿಗೂ ಮಿಕ್ಕಿ ಪಾರಸಿಗಳ ಧರ್ಮಗ್ರಂಥವಾದ ಅವೆಸ್ತದ ಪುಟಗಳೊಂದಿಗೆ ಕಾಲ ಕಳೆದ ನನಗೆ ಈ ಎರಡು ಮಾತುಗಳೂ ಸಮನಾಗಿ ನೋವು ತಂದಿವೆ; ಮೊದಲನೆಯದು ಗ್ರಂಥವನ್ನು ಓದದೆ ಹುಟ್ಟಿದ್ದು, ಎರಡನೆಯದು ಜನರನ್ನು ಕೇಳದೆ ಹುಟ್ಟಿದ್ದು. ಬಂಧುತ್ವದ ವಾದವಂತೂ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ. ಋಗ್ವೇದದಲ್ಲಿಯೇ ಪುನರ್ಜನ್ಮ ಸ್ಪಷ್ಟವಾದ ಸಿದ್ಧಾಂತವಾಗಿ ಕಾಣುವುದಿಲ್ಲ. ಅದು ಬೃಹದಾರಣ್ಯಕ, ಛಾಂದೋಗ್ಯಗಳಲ್ಲಿ, ಪ್ರವಾಹಣ ಜೈವಲಿಯ ಬಾಯಿಂದ, ಬ್ರಾಹ್ಮಣರು ಅದುವರೆಗೆ ಅರಿಯದಿದ್ದ ವಿದ್ಯೆಯೆಂದು ಹೇಳಿಕೊಂಡು ಹೊರಬರುವಂಥದು. ಅಕ್ಕನ ಮನೆಗೇ ತಡವಾಗಿ ಬಂದ ಒಡವೆಯನ್ನು ತಂಗಿಯ ಪೆಟ್ಟಿಗೆಯಲ್ಲಿ ಹುಡುಕುವುದು ನ್ಯಾಯವಲ್ಲ.

ಹಿರೇಕೆರೂರು ಸೀಮೆಯ ಮಾಸೂರಿನಲ್ಲಿ ಕುಳಿತು ಇರಾನಿನ ಮತದ ವಿಷಯವನ್ನು ಬರೆಯುವುದಕ್ಕೆ ಒಂದು ಕಾರಣವುಂಟು. ಸರ್ವಜ್ಞನ ತಂದೆ ಬಸವರಸನು ಈ ಊರಿನವನೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಕೈಲಾಸದ ಗಣನಾದ ಪುಷ್ಪದತ್ತನು ವರರುಚಿಯಾಗಿ ಹುಟ್ಟಿ, ಕಡೆಗೆ ಸರ್ವಜ್ಞನಾಗಿ ಬಂದನೆಂಬ ಜನ್ಮಾಂತರದ ಕಥೆಯನ್ನು ನಾನು ಅಕ್ಷರ ಕಲಿಯುವ ಮೊದಲೇ ಕೇಳಿದ್ದೆ. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಓಲೆಗಳನ್ನೂ ಬಾಯಿಮಾತುಗಳನ್ನೂ ಕೂಡಿಸಿ 1924ರಲ್ಲಿ ಸರ್ವಜ್ಞನ ತ್ರಿಪದಿಗಳ ಸಂಗ್ರಹವನ್ನು ಹೊರತಂದಾಗ, ಕವಿಯ ಸ್ವಂತ ಮಾತು ಯಾವುದು, ಅವನ ಹೆಸರಿಗೆ ಜನ ಸೇರಿಸಿದ್ದು ಯಾವುದು ಎಂಬ ಪ್ರಶ್ನೆ ಕನ್ನಡದ ವಿದ್ವತ್ತಿನ ಎದುರಿಗೆ ನಿಂತಿತು. ಒಬ್ಬ ದ್ರಷ್ಟಾರನ ನುಡಿಗೂ ಅವನನ್ನು ನಂಬಿದವರ ನುಡಿಗೂ ನಡುವೆ ಇರುವ ಅಂತರವನ್ನು ಅಳೆಯುವ ಈ ಕೆಲಸವೇ ಜರತುಷ್ಟ್ರ ಮತದ ಅಧ್ಯಯನದಲ್ಲಿಯೂ ಇನ್ನೂರೈವತ್ತು ವರ್ಷಗಳಿಂದ ನಡೆಯುತ್ತ ಬಂದಿದೆ.

ಗ್ರಂಥಗಳ ಮಾತನ್ನು ಸಂಕ್ಷೇಪವಾಗಿ ಹೇಳುವೆನು. ಸತ್ತವನ ಆತ್ಮವು ಮೂರು ರಾತ್ರಿ ಶವದ ತಲೆಯ ಬಳಿಯಲ್ಲಿ ಕುಳಿತಿರುತ್ತದೆ; ನಾಲ್ಕನೆಯ ಬೆಳಗಿನಲ್ಲಿ, ಸಜ್ಜನನಾದರೆ, ದಕ್ಷಿಣದಿಂದ ಬೀಸುವ ಸುಗಂಧದ ಗಾಳಿಯಲ್ಲಿ ಹದಿನೈದರ ಪ್ರಾಯದ ಕನ್ಯೆಯೊಬ್ಬಳು ಎದುರಾಗಿ, ತಾನು ಅವನದೇ ಸದ್ವಿಚಾರ, ಸದ್ವಚನ, ಸತ್ಕರ್ಮಗಳ ರೂಪವೆಂದು ಹೇಳುತ್ತಾಳೆ ಎಂದು ಹಾದೋಖ್ತ್ ನಸ್ಕ್ ವರ್ಣಿಸುತ್ತದೆ. ಆಮೇಲೆ ಚಿನ್ವತ್ ಸೇತುವೆ, ಸ್ವರ್ಗ ಅಥವಾ ನರಕ, ಕಾಲಾಂತ್ಯದಲ್ಲಿ ಉದ್ಧಾರಕನಾದ ಸಓಶ್ಯಂತನ ಆಗಮನ, ಸತ್ತವರೆಲ್ಲರ ದೇಹದೊಡನೆಯ ಪುನರುತ್ಥಾನ, ಕರಗಿದ ಲೋಹದ ಪ್ರವಾಹದಲ್ಲಿ ಶುದ್ಧಿ, ಜಗತ್ತಿನ ಪರಿಪೂರ್ಣ ನವೀಕರಣ: ಬುಂದಹಿಷ್ನದಂತಹ ಪಹಲವಿ ಗ್ರಂಥಗಳಲ್ಲಿ ಈ ಚಿತ್ರ ಪೂರ್ಣವಾಗಿದೆ. ಒಮ್ಮೆ ಹುಟ್ಟು, ಒಮ್ಮೆ ಸಾವು, ಕಡೆಗೊಮ್ಮೆ ಏಳುವಿಕೆ. ತಿರುಗುವ ಚಕ್ರ ಇಲ್ಲಿಲ್ಲ. ನೇರವಾಗಿ ಒಂದು ಗುರಿಗೆ ಸಾಗುವ ಹಾದಿಯಿದೆ. ಪಾರಸಿಗಳು ಗುಜರಾತಿಗೆ ಬಂದ ಮೇಲೆ, ಸುಮಾರು 12ನೆಯ ಶತಮಾನದಲ್ಲಿ, ನೇರ್ಯೋಸಂಗ ಧವಲನು ಇವುಗಳಲ್ಲಿ ಕೆಲವನ್ನು ಸಂಸ್ಕೃತಕ್ಕೆ ತಿರುಗಿಸಿದನು. ಅಹುರ ಮಜ್ದನನ್ನು ‘ಮಹಾಜ್ಞಾನಿ ಸ್ವಾಮಿ’ ಎಂದು ಕರೆದ ಆ ಪಂಡಿತನು, ಜನ್ಮಾಂತರದ ಶಬ್ದಭಂಡಾರವೆಲ್ಲ ಸಂಸ್ಕೃತದಲ್ಲಿ ಕೈಗೆಟಕುವಂತಿದ್ದರೂ ಅದನ್ನು ತನ್ನ ಮತದ ಮೇಲೆ ಹೊದಿಸಲಿಲ್ಲವೆಂಬುದು, ನೆರೆಹೊರೆಯ ಪ್ರಭಾವವನ್ನು ಎಲ್ಲೆಲ್ಲಿಯೂ ಕಾಣುವವರು ಲಕ್ಷಿಸಬೇಕಾದ ಸಂಗತಿ. 1771ರಲ್ಲಿ ಅವೆಸ್ತಕ್ಕೆ ಆಂಕ್ತಿಲ್ ದ್ಯು ಪೆರೋನನ ಫ್ರೆಂಚ್ ಅನುವಾದ ಬಂದಿತು. 1862ರಲ್ಲಿ, ಪುಣೆಯಲ್ಲಿ ಸಂಸ್ಕೃತದ ಪ್ರಾಧ್ಯಾಪಕನಾಗಿದ್ದ ಮಾರ್ಟಿನ್ ಹೌಗನು ಗಾಥೆಗಳನ್ನು ಉಳಿದ ಅವೆಸ್ತದಿಂದ ಬೇರ್ಪಡಿಸಿ, ಅವು ಮಾತ್ರವೇ ಜರತುಷ್ಟ್ರನ ನುಡಿಯೆಂದು ಸಾಧಿಸಿದನು. ಇವರಿಬ್ಬರ ಕಾಲದಲ್ಲಿಯೂ ಪುನರ್ಜನ್ಮದ ಪ್ರಶ್ನೆ ಮುಖ್ಯವಾಗಿರಲಿಲ್ಲ.

ಗೊಂದಲಕ್ಕೆ ಮೂಲವಾದದ್ದು ಫ್ರವಷಿಯ ಕಲ್ಪನೆ. ಪ್ರತಿ ಜೀವಿಗೂ ಹುಟ್ಟಿಗೆ ಮುಂಚೆಯೇ ಇರುವ, ಅವನನ್ನು ಕಾಯುವ ಒಂದು ದಿವ್ಯಸತ್ತ್ವವೇ ಫ್ರವಷಿ. ನೀವು ನಿತ್ಯವಾಗಿ ಸುರಕ್ಷಿತವಾಗಿ ಇಲ್ಲಿಯೇ ಇರುವಿರೋ, ದೇಹ ಧರಿಸಿ ಇಳಿದು ಅಸತ್ಯದೊಡನೆ ಕಾದಾಡುವಿರೋ ಎಂದು ಅಹುರ ಮಜ್ದನು ಕೇಳಿದಾಗ ಫ್ರವಷಿಗಳು ಇಳಿಯುವುದನ್ನೇ ಆರಿಸಿಕೊಂಡವೆಂದು ಬುಂದಹಿಷ್ನ ಹೇಳುತ್ತದೆ. ಹುಟ್ಟಿಗೆ ಮೊದಲು ಇದ್ದುದು ಸಾವಿನ ಬಳಿಕ ಮತ್ತೆ ಹುಟ್ಟಲೇಬೇಕೆಂದು ವಾದಿಸಿದವರು ಬಹುಮಂದಿ. ಆದರೆ ಪೂರ್ವಾಸ್ತಿತ್ವ ಬೇರೆ, ಪುನರ್ಜನ್ಮ ಬೇರೆ; ಯುದ್ಧಕ್ಕೆ ತಾನಾಗಿ ಒಪ್ಪಿ ಬಂದ ಯೋಧನನ್ನು ಕರ್ಮಬದ್ಧನೆಂದು ಕರೆದರೆ ಆ ಕಥೆಯ ತೇಜಸ್ಸೇ ಇಳಿದುಹೋಗುತ್ತದೆ.

ಪಾರಸಿಗಳ ನಡುವೆ ಜನ್ಮಾಂತರವಾದ ಪುಸ್ತಕದ ರೂಪದಲ್ಲಿ ಕಾಣಿಸಿಕೊಂಡದ್ದು ಇರಾನಿನಿಂದ ಪಾಟ್ನಾಕ್ಕೆ ಬಂದು 17ನೆಯ ಶತಮಾನದ ಆದಿಯಲ್ಲಿ ಅಲ್ಲಿಯೇ ತೀರಿಕೊಂಡ ಆಜರ್ ಕೈವಾನನ ಶಿಷ್ಯವರ್ಗದಿಂದ. ಸೂಫಿ ಧ್ಯಾನ, ನಕ್ಷತ್ರೋಪಾಸನೆ, ಅಹಿಂಸೆ, ಆತ್ಮದ ಅಲೆದಾಟ ಇವೆಲ್ಲವನ್ನೂ ಒಗ್ಗೂಡಿಸಿದ ಈ ಪಂಥದ ‘ದಸಾತೀರ್’ ಎಂಬ ಗ್ರಂಥವನ್ನು ಮುಲ್ಲಾ ಫಿರೋಜನು 1818ರಲ್ಲಿ ಮುಂಬಯಿಯಲ್ಲಿ ಅಚ್ಚುಹಾಕಿಸಿದಾಗ, ಅದು ಅತಿಪ್ರಾಚೀನ ಪ್ರವಾದಿಗಳ ವಾಣಿಯೆಂದು ಎಷ್ಟೋ ಮಂದಿ ನಂಬಿದರು. ಅದರ ಭಾಷೆ ಕೃತಕವಾಗಿ ಕಟ್ಟಿದ್ದೆಂದು ಬಳಿಕ ಸಿದ್ಧವಾಯಿತು. ಕೃತಕವೆಂದು ತಿಳಿದೊಡನೆ ವಿದ್ವಾಂಸರು ಅದನ್ನು ಕಸದ ಬುಟ್ಟಿಗೆ ಎಸೆದುದು ತಪ್ಪಾಯಿತೆಂದು ನನ್ನ ಮತ. ಪ್ರಾಚೀನವಲ್ಲದ ನಂಬಿಕೆಯೂ ನಂಬಿಕೆಯೇ, ಅದಕ್ಕೂ ಒಂದು ಇತಿಹಾಸವುಂಟು.

ಮುಂದಿನ ಅಧ್ಯಾಯ ಮುಂಬಯಿಯದು. ಥಿಯಾಸಫಿ ಸಂಸ್ಥೆಯ ಸ್ಥಾಪಕರಾದ ಬ್ಲಾವಾಟ್ಸ್ಕಿ, ಆಲ್ಕಾಟರು 1879ರಲ್ಲಿ ಅಲ್ಲಿಗೆ ಬಂದಿಳಿದರು. 1882ರಲ್ಲಿ ಟೌನ್‌ಹಾಲಿನಲ್ಲಿ ಆಲ್ಕಾಟರು ಜರತುಷ್ಟ್ರ ಮತದ ಅಂತಃಸತ್ತ್ವವನ್ನು ಕುರಿತು ಭಾಷಣ ಮಾಡಿ, ಪಾಶ್ಚಾತ್ಯ ವಿದ್ಯೆಯ ಬೆಳಕಿನಲ್ಲಿ ತಮ್ಮ ಆಚಾರಗಳ ವಿಷಯಕ್ಕೆ ನಾಚತೊಡಗಿದ್ದ ವಿದ್ಯಾವಂತ ಪಾರಸಿಗಳಿಗೆ ಅವುಗಳ ಗೂಢಾರ್ಥದ ಆಸೆ ತೋರಿಸಿದರು. ಸೂರತಿನ ಬೆಹರಾಮ್‌ಶಾ ನವರೋಜಿ ಶ್ರಾಫರು (1858–1927) ಹೇಳಿದ್ದು ಇದಕ್ಕಿಂತಲೂ ವಿಸ್ಮಯಕರವಾದ ಮಾತು. ತಾರುಣ್ಯದಲ್ಲಿ ಪೇಶಾವರದ ಕಡೆ ಅಲೆಯುತ್ತಿದ್ದಾಗ ಗುಪ್ತವಾಗಿ ಬಾಳುವ ಜರತುಷ್ಟ್ರೀಯ ಸಿದ್ಧರು ತಮ್ಮನ್ನು ದೆಮಾವಂದ್ ಪರ್ವತದ ಗುಹಾಲೋಕಕ್ಕೆ ಕರೆದೊಯ್ದು ರಹಸ್ಯವಿದ್ಯೆಯನ್ನು ಬೋಧಿಸಿದರೆಂದು ಅವರು ಹೇಳಿಕೊಂಡರು. ಸುಮಾರು ಮೂವತ್ತು ವರ್ಷ ಮೌನವಾಗಿದ್ದು 20ನೆಯ ಶತಮಾನದ ಮೊದಲ ದಶಕದಲ್ಲಿ ಬಾಯ್ದೆರೆದರು. ‘ಇಲ್ಮೆ ಕ್ಷ್ನೂಮ್’ ಎಂಬ ಈ ಸಂಪ್ರದಾಯದಲ್ಲಿ, ಸೇತುವೆಯನ್ನು ದಾಟಲು ಇನ್ನೂ ಅರ್ಹವಾಗದ ಆತ್ಮಗಳು ಮತ್ತೆ ಮತ್ತೆ ಹುಟ್ಟಿಬರುತ್ತವೆಂಬುದು ಮುಖ್ಯ ಬೋಧೆ. ಕರಾಚಿಯ ಪ್ರಧಾನ ದಸ್ತೂರ, ಎಂದರೆ ಪುರೋಹಿತ, ಢಲ್ಲಾ ಅವರು 1914ರಲ್ಲಿ ತಮ್ಮ ‘ಜೊರಾಸ್ಟ್ರಿಯನ್ ಥಿಯಾಲಜಿ’ಯನ್ನು ಪ್ರಕಟಿಸಿದರೆ, ಕ್ಷ್ನೂಮ್ ಪಕ್ಷದ ಫಿರೋಜ್ ಮಸಾನಿಯವರು 1917ರಲ್ಲಿ ಇಡೀ ಒಂದು ಪುಸ್ತಕವನ್ನೇ ಅದರ ಖಂಡನೆಗೆ ಬರೆದರು. ಢಲ್ಲಾ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಕಲಿತು ಬಂದವರು, ಮಸಾನಿಯವರು ಗುರುವಾಕ್ಯಕ್ಕೆ ಶರಣಾದವರು. ಒಬ್ಬರು ಕೇಳುತ್ತಿದ್ದ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಡುತ್ತಲೇ ಇರಲಿಲ್ಲ.

ಈ ಕಥೆಯ ಒಂದು ಕವಲು ನಮ್ಮ ನಾಡಿಗೂ ಬಂದಿದೆ, ಆದರೆ ಅದನ್ನು ನಾವು ಮರೆತಿದ್ದೇವೆ. ಬೆಂಗಳೂರಿನ ಬಸವನಗುಡಿಯಲ್ಲಿ ಬಿ. ಪಿ. ವಾಡಿಯಾ ರಸ್ತೆಯೆಂದು ಹೇಳುವವರಿಗೆಲ್ಲ ಆ ವಾಡಿಯಾ ಯಾರೆಂದು ತಿಳಿದಿರುವುದಿಲ್ಲ. ಬಹಮನ್ ಪೆಸ್ತನ್‌ಜಿ ವಾಡಿಯಾ ಅವರು (1881–1958) ಪಾರಸಿಗಳು. 1917ರಲ್ಲಿ ಆನಿ ಬೆಸೆಂಟರೊಡನೆ ಉದಕಮಂಡಲದಲ್ಲಿ ಸರ್ಕಾರದ ಬಂಧನದಲ್ಲಿದ್ದವರು, 1918ರಲ್ಲಿ ಮದರಾಸಿನ ಗಿರಣಿ ಕಾರ್ಮಿಕರ ಸಂಘವನ್ನು ಕಟ್ಟಿದವರು, 1922ರಲ್ಲಿ ಅಡ್ಯಾರಿನ ಥಿಯಾಸಫಿ ಸಂಸ್ಥೆಯನ್ನು ತೊರೆದು ಬ್ಲಾವಾಟ್ಸ್ಕಿಯ ಮೂಲಬೋಧೆಯನ್ನೇ ಹಿಡಿದು ನಡೆದವರು. ಪತ್ನಿ ಸೋಫಿಯಾ ವಾಡಿಯಾ ಅವರೊಡನೆ 1945ರಲ್ಲಿ ಅವರು ಸ್ಥಾಪಿಸಿದ ವಿಶ್ವಸಂಸ್ಕೃತಿ ಸಂಸ್ಥೆಯ ಗ್ರಂಥಾಲಯದಲ್ಲಿ ಓದಿ ಬೆಳೆದ ಕನ್ನಡಿಗರು ಎಷ್ಟೋ ಮಂದಿ. ಕರ್ಮ, ಪುನರ್ಜನ್ಮಗಳನ್ನು ಬಾಳಿನ ಆಧಾರವಾಗಿ ಸಾರಿದ ಈ ಪಾರಸಿ, ತಮ್ಮ ಹುಟ್ಟುಮತದ ದಸ್ತೂರರ ಜೊತೆ ಈ ವಿಷಯದಲ್ಲಿ ಜಗಳಕ್ಕೆ ನಿಲ್ಲದೆ, ಆ ಬೋಧೆಯನ್ನು ಎಲ್ಲ ಮತಗಳ ಆಳದಲ್ಲಿಯೂ ಇರುವ ಏಕಸತ್ಯದ ಭಾಗವೆಂದು ಎಣಿಸಿದರು. ಅವರ ಪಾರಸಿತನಕ್ಕೂ ಪುನರ್ಜನ್ಮಶ್ರದ್ಧೆಗೂ ಇದ್ದ ನಂಟಿನ ಮೇಲೆ ಕನ್ನಡದಲ್ಲಿ ಒಂದು ಪ್ರಬಂಧವಾದರೂ ಬರಬೇಕಾಗಿತ್ತು.

ಇನ್ನು ನನ್ನ ತಲೆಮಾರಿನ ಕೆಲಸ. ನಾವು ವಿದ್ಯಾರ್ಥಿಗಳಾಗಿದ್ದಾಗ ಹೆಲ್ಮುಟ್ ಹುಂಬಾಖರ 1959ರ ಗಾಥಾಸಂಪುಟಗಳು ಹೊಸತನದ ಕಂಪನ್ನು ಇನ್ನೂ ಕಳೆದುಕೊಂಡಿರಲಿಲ್ಲ; 1975ರಲ್ಲಿ ಸ್ಟ್ಯಾನ್ಲಿ ಇನ್‌ಸ್ಲರರ ಅನುವಾದ ಬಂದಾಗ ಅದನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದೆವು. ಈ ಭಾಷಾಶಾಸ್ತ್ರಪಂಥದ ಬಲವೆಲ್ಲ ಒಂದೊಂದು ಶಬ್ದವನ್ನೂ ಋಗ್ವೇದದ ಸಾಟಿಪದದೊಡನೆ ಇಟ್ಟು, ವಿಭಕ್ತಿ, ಉಪಸರ್ಗ, ಛಂದಸ್ಸುಗಳ ಸಾಕ್ಷಿ ಕೇಳಿ, ಆಮೇಲೆ ಮಾತ್ರ ಅರ್ಥ ಹೇಳುವುದರಲ್ಲಿದೆ. ಒಂದು ಉದಾಹರಣೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಪುನರ್ಜನ್ಮವಾದಿಗಳ ಕೋಟೆಯೆಲ್ಲ ಇದೊಂದೇ ಕಲ್ಲಿನ ಮೇಲೆ ನಿಂತಿದೆ. ಗಾಥೆಗಳನ್ನು ಒಳಗೊಂಡ ಯಸ್ನದ 49ನೆಯ ಅಧ್ಯಾಯದ 11ನೆಯ ಪದ್ಯದಲ್ಲಿ, ದುಷ್ಟ ಅರಸರ, ದುರ್ವಚನಿಗಳ ಗತಿಯನ್ನು ಹೇಳುವಲ್ಲಿ, ಆತ್ಮಗಳಿಗೆ ‘ಪಇತ್ಯೇಇಂತಿ’ ಎಂಬ ಕ್ರಿಯಾಪದವಿದೆ. ಥಿಯಾಸಫಿಯ ಒಲವುಳ್ಳ ವ್ಯಾಖ್ಯಾನಕಾರರು ಇದಕ್ಕೆ ‘ಹಿಂತಿರುಗಿ ಬರುತ್ತವೆ’ ಎಂದು ಅರ್ಥಮಾಡಿ, ಆತ್ಮ ಭೂಮಿಗೆ ಮರಳುವುದಕ್ಕೆ ಗಾಥೆಯೇ ಪ್ರಮಾಣವೆಂದರು. ಸಂಸ್ಕೃತ ಬಲ್ಲವರಿಗೆ ಈ ಪದ ಒಡನೆಯೇ ಪರಿಚಿತ: ‘ಪ್ರತಿ’ ಎಂಬ ಉಪಸರ್ಗಕ್ಕೆ ಹೋಗುವುದೆಂಬ ಅರ್ಥದ ಧಾತು ಸೇರಿದೆ. ‘ಪ್ರತಿ’ಗೆ ಮರಳಿ ಎಂಬ ಅರ್ಥವೂ ಉಂಟು, ಎದುರಾಗಿ ಎಂಬ ಅರ್ಥವೂ ಉಂಟು. ಇಲ್ಲಿ ಯಾವುದು? ಇನ್‌ಸ್ಲರರು ‘ಎದುರುಗೊಳ್ಳಲು ಬರುತ್ತವೆ’ ಎಂದೇ ಓದಿದರು. ಕೆಟ್ಟ ಆಹಾರವನ್ನು ಹಿಡಿದು ಆತ್ಮಗಳು ಆ ದುಷ್ಟರ ಎದುರಿಗೆ ಬರುತ್ತವೆ. ಇದು ಸರಿಯೆನ್ನುವುದಕ್ಕೆ ಅದೇ ಪದ್ಯದ ಕೊನೆಯ ಮಾತು ಸಾಕ್ಷಿ. ಅಲ್ಲಿ ಆ ಜನರನ್ನು ಅಸತ್ಯದ ಮನೆಯ ‘ಅಸ್ತಯೋ’ ಎಂದಿದೆ, ಎಂದರೆ ನಮ್ಮ ‘ಅತಿಥಿಗಳು’. ಮನೆ, ಅತಿಥಿ, ಊಟ, ಎದುರುಗೊಳ್ಳುವಿಕೆ: ಆತಿಥ್ಯದ ಒಂದು ಚಿತ್ರವನ್ನೇ ತಲೆಕೆಳಗು ಮಾಡಿ ಕವಿ ನರಕವನ್ನು ಕಟ್ಟಿದ್ದಾನೆ. ಇದೇ ‘ಅತಿಥಿ’ ಪದ 46ನೆಯ ಅಧ್ಯಾಯದ 11ನೆಯ ಪದ್ಯದಲ್ಲಿ ಮತ್ತೆ ಬರುತ್ತದೆ. ಅಲ್ಲಿ ಅವರು ಆ ಮನೆಯಲ್ಲಿ ‘ವಿಸ್ಪ’, ಅಂದರೆ ನಮ್ಮ ‘ವಿಶ್ವ’, ಸಮಸ್ತ ಕಾಲಕ್ಕೂ ಅತಿಥಿಗಳು. ಎಲ್ಲ ಕಾಲಕ್ಕೂ ಅಲ್ಲಿಯೇ ಉಳಿಯುವವನು ಮತ್ತೆ ತೊಟ್ಟಿಲಿಗೆ ಬರುವುದೆಲ್ಲಿಂದ? ಹೀಗೆ ಎರಡು ಪದಗಳ ಪರಿಶೀಲನೆ ನೂರು ಉಪನ್ಯಾಸಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆಂದು ನಾನು ಈಗಲೂ ನಂಬಿದ್ದೇನೆ. ವಿದ್ವತ್ತಿನಲ್ಲಿಯೂ ಸಹೃದಯತೆಯಲ್ಲಿಯೂ ದೊಡ್ಡವರಾದ ತಾರಾಪೋರ್‌ವಾಲಾ ಅವರ ಮತಪರಿಚಯದ ಗ್ರಂಥ 1926ರಲ್ಲಿ ಅಡ್ಯಾರಿನಿಂದಲೇ ಹೊರಬಂದದ್ದನ್ನು ನೆನೆದರೆ, ಆ ತಲೆಮಾರಿನಲ್ಲಿ ಭಾಷಾಶಾಸ್ತ್ರವೂ ಥಿಯಾಸಫಿಯೂ ಒಂದೇ ಮನೆಯಲ್ಲಿ ವಾಸವಾಗಿದ್ದುದು ತಿಳಿಯುತ್ತದೆ. ಅವೆರಡನ್ನೂ ಬೇರೆ ಬೇರೆ ಒಲೆ ಹೂಡುವಂತೆ ಮಾಡಿದ್ದು ನಮ್ಮ ತಲೆಮಾರು.

ಇದೇ ಕಾಲದಲ್ಲಿ ಮೇರಿ ಬಾಯ್ಸ್ ಅವರು 1963–64ರಲ್ಲಿ ಇರಾನಿನ ಯಜ್ದ್ ಬಯಲಿನ ಶರೀಫಾಬಾದ್ ಎಂಬ ಹಳ್ಳಿಯಲ್ಲಿ ಮನೆಯವರೊಡನೆ ಮನೆಯವರಾಗಿ ಇದ್ದು, ಅಡುಗೆ, ಶೌಚ, ಹಬ್ಬ, ಸಾವುಗಳ ಆಚರಣೆಯನ್ನು ಕಣ್ಣಾರೆ ಕಂಡು ಬರೆದರು. 1977ರ ಅವರ ಪುಸ್ತಕವನ್ನು ಓದಿದಾಗ, ಶಬ್ದಕೋಶಗಳ ನಡುವೆ ಕುಳಿತಿದ್ದ ನಮಗೆ ಕಿಟಕಿ ತೆರೆದಂತಾಯಿತು. ಆದರೆ ಹಳ್ಳಿಯಲ್ಲಿ ಅವರು ಅರಸಿದ್ದು ಗ್ರಂಥಗಳ ಮತದ ಅವಿಚ್ಛಿನ್ನತೆಯನ್ನು. ಗ್ರಂಥದಲ್ಲಿಲ್ಲದ ನಂಬಿಕೆಗೆ ಅವರ ಚೌಕಟ್ಟಿನಲ್ಲಿ ಎಡೆ ಕಿರಿದಾಗಿತ್ತು.

ಆ ಎಡೆಯನ್ನು ತೆರೆದವರು ಆಮೇಲೆ ಬಂದರು. ಸಾಸಾನೀಯರ ಕಾಲದ ಮತ ಏಕರೂಪವಾಗಿರಲಿಲ್ಲವೆಂದು ಶಾಉಲ್ ಶಾಕೇದ್ 1994ರಲ್ಲಿ ತೋರಿಸಿದರು. 2012ರಲ್ಲಿ ಪೆಟ್ರೀಷಿಯಾ ಕ್ರೋನ್ ಅವರ ಗ್ರಂಥ ಬಂದಾಗ ನನ್ನ ಹಳೆಯ ನಿಶ್ಚಯಗಳು ಅಲುಗಿದವೆಂದು ಒಪ್ಪಿಕೊಳ್ಳಬೇಕು. ಅದು ಚರ್ಚಿಸಿದ್ದು ಇರಾನಿನ ಬೆಟ್ಟಸೀಮೆಗಳಲ್ಲಿದ್ದ ಖುರ್ರಮಿಗಳೆಂಬ ಜನರನ್ನು. ಅವರ ನಾಯಕ ಜಾವೀದಾನನು ಸತ್ತಾಗ, ಅವನ ಆತ್ಮ ಬಾಬಕನೆಂಬ ತರುಣನೊಳಕ್ಕೆ ಹೊಕ್ಕಿತೆಂದು ಅವನ ಹೆಂಡತಿಯೇ ಜನರಿಗೆ ಸಾರಿದಳು. ಆ ಬಾಬಕನು ಖಲೀಫರ ಸೈನ್ಯಕ್ಕೆ ಇಪ್ಪತ್ತು ವರ್ಷ ಎದುರುನಿಂತು 838ರಲ್ಲಿ ವಧೆಗೊಂಡನು. ಅರಬ್ಬಿ ಲೇಖಕರು ಇವರ ಜನ್ಮಾಂತರಶ್ರದ್ಧೆಯನ್ನು ಪಾಷಂಡವೆಂದು ತಳ್ಳಿಬಿಟ್ಟರು, ನಾವೂ ಆ ಮಾತನ್ನು ಪರೀಕ್ಷಿಸದೆ ನಂಬಿದೆವು. ಕ್ರೋನ್ ಅವರ ವಾದ ಬೇರೆ: ಇದು ಹೊರಗಿನಿಂದ ಬಂದ ಪಾಷಂಡವಲ್ಲ, ಪುರೋಹಿತರ ಪಹಲವಿ ಗ್ರಂಥಗಳಿಗೆ ಸೇರದೆ ಹೋದ ಹಳ್ಳಿಗಾಡಿನ ಜರತುಷ್ಟ್ರ ಮತದ್ದೇ ಒಂದು ರೂಪ. ಈ ವಾದದ ಪ್ರತಿಯೊಂದು ಕೊಂಡಿಯೂ ಗಟ್ಟಿಯಾಗಿದೆಯೆಂದು ನಾನು ಹೇಳಲಾರೆ. ಖುರ್ರಮಿಗಳ ಮಾತು ನಮಗೆ ದೊರೆತಿರುವುದು ಅವರ ವೈರಿಗಳ ಲೇಖನಿಯಿಂದ. ಆದರೆ ನಮ್ಮ ಪ್ರಶ್ನೆಯನ್ನು ಅದು ಎರಡಾಗಿ ಸೀಳಿತು. ಜರತುಷ್ಟ್ರನು ಪುನರ್ಜನ್ಮವನ್ನು ಬೋಧಿಸಿದನೇ ಎಂಬುದು ಒಂದು ಪ್ರಶ್ನೆ. ಅದಕ್ಕೆ ಗಾಥೆಗಳ ಉತ್ತರ ಇಲ್ಲವೆಂದೇ. ಅವನ ಹೆಸರನ್ನು ನೆನೆದು ಬಾಳಿದವರು ಅದನ್ನು ನಂಬಿದರೇ ಎಂಬುದು ಇನ್ನೊಂದು. ಅದಕ್ಕೆ ಉತ್ತರ ಗಾಥೆಗಳಲ್ಲಿ ಸಿಕ್ಕುವಂಥದಲ್ಲ.

ನಮ್ಮ ಸೀಮೆಯಲ್ಲಿ ಇದನ್ನು ತಿಳಿಯುವುದು ಕಷ್ಟವಲ್ಲ. ಹಿರಿಯರು ಲಿಂಗೈಕ್ಯರಾದರೆಂದು, ಅವರಿಗೆ ಭವ ತೀರಿತೆಂದು ನಂಬಿ ಸಮಾಧಿ ಮಾಡಿದ ಮನೆಯಲ್ಲಿಯೇ, ವರ್ಷ ಕಳೆದು ಗಂಡುಮಗು ಹುಟ್ಟಿದರೆ, ‘ಅಜ್ಜ ಹುಟ್ಟಿ ಬಂದಾನ’ ಎಂದು ಅದಕ್ಕೆ ಆ ಹೆಸರನ್ನೇ ಇಡುತ್ತಾರೆ. ಶಾಸ್ತ್ರವನ್ನು ಮಾತ್ರ ಓದಿದವನಿಗೆ ಇದು ವಿರೋಧ. ಮನೆಯವರಿಗೆ ಎರಡೂ ನಿಜ. ಪಾರಸಿ ಮನೆಗಳೊಳಗಿನ ಇಂಥ ಮಾತುಗಳನ್ನು, ಸಾವಿನ ಮೂರನೆಯ ದಿನದ ಉಠಮ್ನಾದಲ್ಲಿ, ತೀರಿಹೋದವರನ್ನು ನೆನೆಯುವ ಮುಕ್ತಾದ್ ದಿನಗಳಲ್ಲಿ ಹೆಂಗಸರು ಆಡಿಕೊಳ್ಳುವ ನುಡಿಗಳನ್ನು, ದಸ್ತೂರರ ವಾದವಿವಾದಗಳಿಗೆ ಕೊಟ್ಟ ಗಮನದ ಹತ್ತರಲ್ಲಿ ಒಂದು ಪಾಲು ಕೊಟ್ಟು ಬರೆದುಕೊಂಡಿದ್ದರೂ ನಮ್ಮ ಶಾಸ್ತ್ರ ಈಗ ಬೇರೆಯಾಗಿರುತ್ತಿತ್ತು.

ಪುಣೆಯ ಕ್ಯಾಂಪಿನಲ್ಲಿ ನಾನು ಬಾಡಿಗೆಗೆ ಇದ್ದ ಮನೆಯ ಕೆಳಗಡೆ ಒಬ್ಬ ವೃದ್ಧ ಪಾರಸಿ ಬಾಯಿ ಇದ್ದರು. ವರ್ಷದ ಕೊನೆಯ ಮುಕ್ತಾದ್ ದಿನಗಳಲ್ಲಿ ಅಮೃತಶಿಲೆಯ ಮೇಜಿನ ಮೇಲೆ ಬೆಳ್ಳಿಯ ಹೂದಾನಿಗಳನ್ನು, ತೀರಿಹೋದ ಒಬ್ಬೊಬ್ಬರ ಹೆಸರಿಗೆ ಒಂದೊಂದರಂತೆ, ಇಟ್ಟು ದಿನವೂ ಹೂ ಬದಲಿಸುತ್ತಿದ್ದರು. ಗಾಥಾಪಾಠ ಮುಗಿಸಿ ಬಂದ ಒಂದು ಸಂಜೆ, ಫ್ರವಷಿಗಳು ಬಂದು ಹೋಗುವವೋ ಮತ್ತೆ ಹುಟ್ಟುವವೋ ಎಂದು ನಾನು ಕೇಳಿದೆ. ‘ದೀಕರಾ, ಹುಟ್ಟುವುದಿಲ್ಲ ಎನ್ನುತ್ತಾರೆ ದಸ್ತೂರಜಿ. ಆದರೆ ಈ ಹೂದಾನಿ ಇದೆಯಲ್ಲ, ಇದನ್ನು ನಮ್ಮ ಬಪೈಜಿ ಬೇರೆ ಕಡೆ ಇಡುತ್ತಿದ್ದರು, ಇವನು ಆಗಲೇ ಎಲ್ಲಿಯೋ ಹುಟ್ಟಿಯಾಗಿದೆ ಎಂದು’ ಎಂದರು. ಅವನಾರು, ಹಾಗೆಂದು ಅವರ ಅಜ್ಜಿಗೆ ಹೇಗೆ ತಿಳಿಯಿತು, ಬೇರೆ ಕಡೆ ಎಂದರೆ ಎಲ್ಲಿ, ಆ ಹೂದಾನಿಗೆ ಹೂ ಇಡುತ್ತಿದ್ದರೇ ಇಲ್ಲವೇ ಎಂದು ನಾನು ಕೇಳಲಿಲ್ಲ. ಮಾರನೆಯ ದಿನದ ಪಾಠಕ್ಕೆ ಒಂದು ಕ್ರಿಯಾಪದದ ರೂಪವನ್ನು ಸಾಧಿಸಿಕೊಂಡು ಹೋಗಬೇಕಾಗಿತ್ತು. ಮೆಟ್ಟಿಲು ಹತ್ತಿ ಮೇಲೆ ಹೋದೆ.