ಸುರಂಗದ ನೀರು: ಬೀದರಿನ ಕಾರೇಜು ಮತ್ತು ಜನಸ್ಮೃತಿ

ಕನ್ನಡ ನಾಡಿನ ಕೋಟೆಗಳಿಗೆ ಸಂಬಂಧಿಸಿದ ಐತಿಹ್ಯಗಳಲ್ಲಿ ಸುರಂಗದ ಆಶಯದಷ್ಟು ವ್ಯಾಪಕವಾಗಿ ಹರಡಿರುವ ಆಶಯಗಳು ವಿರಳ. ಕೋಟೆಯೆಂದ ಮೇಲೆ ಅದರೊಳಗಿನಿಂದ ಬೆಟ್ಟದ ಆಚೆಗೆ, ಹೊಳೆಯ ದಡಕ್ಕೆ ಅಥವಾ ಇನ್ನೊಂದು ಕೋಟೆಗೆ ಒಂದು ಗುಪ್ತಮಾರ್ಗ ಇರಲೇಬೇಕೆಂಬುದು ಜನಪದರ ನಂಬಿಕೆ. ಶತ್ರುಗಳು ಮುತ್ತಿದಾಗ ಅರಸನು ಪರಿವಾರಸಮೇತ ಪಾರಾದ ದಾರಿ ಅದು; ಹೊನ್ನಿನ ಕೊಪ್ಪರಿಗೆ ಹೂತಿಟ್ಟ ಎಡೆಯೂ ಅದೇ. ಹೀಗೆ ಹೇಳಲಾಗುವ ಸುರಂಗಗಳಲ್ಲಿ ಕೆಲವು ವಾಸ್ತವದಲ್ಲಿ ನೀರಿನ ಮಾರ್ಗಗಳು. ಬೀದರ್ ನಗರದ ಅಂಚಿನ ನೌಬಾದಿನಲ್ಲಿರುವ ಕಾರೇಜು ಅಂತಹವುಗಳಲ್ಲಿ ಪ್ರಮುಖವಾದುದು. ನೆಲದಡಿಯ ಈ ಜಲವ್ಯವಸ್ಥೆಯು ಜನರ ನೆನಪಿನಲ್ಲಿ ರಾಜನ ಪಲಾಯನಮಾರ್ಗವಾಗಿ ಮಾರ್ಪಟ್ಟ ಬಗೆಯನ್ನೂ, ಅದೇ ಊರಿನ ಇತರ ಜಲನೆಲೆಗಳ ನೆನಪು ಹಾಗೆ ಮಾರ್ಪಡದೆ ಉಳಿದ ಬಗೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಹಮನಿ ಸುಲ್ತಾನ ಒಂದನೆಯ ಅಹಮದ್ ಷಾ (ಆಳ್ವಿಕೆ 1422–1436) ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಿಸಿದನು. ಬೀದರ್ ಇರುವುದು ಎತ್ತರದ ಪ್ರಸ್ಥಭೂಮಿಯ ಮೇಲೆ. ಮಂಜೀರಾ ನದಿ ದೂರದ ತಗ್ಗಿನಲ್ಲಿ ಹರಿಯುತ್ತದೆ. ಹೀಗಾಗಿ ಹೊಸ ರಾಜಧಾನಿಯ ನೀರಿನ ಪ್ರಶ್ನೆಗೆ ಉತ್ತರವನ್ನು ಆ ನೆಲದೊಳಗೇ ಹುಡುಕಬೇಕಾಗಿತ್ತು. ಇಲ್ಲಿನ ಭೂರಚನೆ ಅದಕ್ಕೆ ಅನುಕೂಲವಾಗಿದ್ದಿತು. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿನ ದಪ್ಪ ಪದರ, ಅದರ ಕೆಳಗೆ ದಖನ್ನಿನ ಕಪ್ಪುಶಿಲೆ. ಜಂಬಿಟ್ಟಿಗೆ ತೂತುತೂತಾದ ಕಲ್ಲಾದುದರಿಂದ ಮಳೆನೀರು ಅದರೊಳಗೆ ಇಳಿಯುತ್ತದೆ; ಕೆಳಗಿನ ಪದರ ಅದನ್ನು ಮುಂದಕ್ಕೆ ಬಿಡುವುದಿಲ್ಲ. ಎರಡರ ಸಂಧಿಯಲ್ಲಿ ಸಂಗ್ರಹವಾದ ನೀರು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬೀದರಿನ ಸುತ್ತ ಇಷ್ಟೊಂದು ಝರಿಗಳಿರುವುದಕ್ಕೂ, ಇಲ್ಲಿ ಕಾರೇಜು ಸಾಧ್ಯವಾದುದಕ್ಕೂ ಕಾರಣ ಇದೊಂದೇ.

ಕಾರೇಜಿನ ತತ್ತ್ವ ಸರಳವಾದುದು, ಕೆಲಸ ಮಾತ್ರ ಕಠಿಣವಾದುದು. ಎತ್ತರದ ಜಾಗದಲ್ಲಿ ಒಂದು ತಾಯಿಬಾವಿಯನ್ನು ತೋಡಿ ನೀರಿನ ಸೆಲೆಯನ್ನು ಗುರುತಿಸುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ ಅತ್ಯಲ್ಪ ಇಳಿಜಾರಿನಲ್ಲಿ ನೆಲದಡಿ ಕಾಲುವೆಯನ್ನು ಕೊರೆಯುತ್ತಾರೆ. ನಡುನಡುವೆ ಮೇಲಿನಿಂದ ನೇರವಾಗಿ ಇಳಿಯುವ ಗಾಳಿಬಾವಿಗಳು. ಮಣ್ಣನ್ನು ಮೇಲೆತ್ತುವುದಕ್ಕೆ, ಉಸಿರಾಟಕ್ಕೆ, ಮುಂದೆ ಹೂಳು ತೆಗೆಯುವುದಕ್ಕೆ ಮತ್ತು ನೀರು ಸೇದುವುದಕ್ಕೆ ಅವೇ ಆಧಾರ. ಇಳಿಜಾರು ಹೆಚ್ಚಾದರೆ ನೀರು ಕಾಲುವೆಯನ್ನು ಕೊರೆದುಬಿಡುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಯಾವ ಏತವೂ ಎತ್ತೂ ಇಲ್ಲದೆ ನೀರು ತಾನಾಗಿ ನೆಲದ ಮೇಲಕ್ಕೆ ಬರುತ್ತದೆ. ಇರಾನಿನಲ್ಲಿ ಈ ವಿದ್ಯೆ ಅತಿ ಪ್ರಾಚೀನವಾದುದು. ಅಲ್ ಕರಜಿ ಎಂಬ ಗಣಿತಜ್ಞನು 11ನೇ ಶತಮಾನದಲ್ಲಿಯೇ ಅಡಗಿದ ನೀರನ್ನು ಹೊರತೆಗೆಯುವ ಬಗೆಗೆ ಗ್ರಂಥ ರಚಿಸಿದ್ದಾನೆ. 2016ರಲ್ಲಿ ಯುನೆಸ್ಕೋ ಇರಾನಿನ ಆಯ್ದ ಕಾರೇಜುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಹಮದ್ ಷಾನು ಇರಾನಿನ ಕಿರ್ಮಾನ್ ಪ್ರಾಂತದ ಸೂಫಿ ಷಾ ನಿಯಾಮತುಲ್ಲಾನಿಗೆ ನಡೆದುಕೊಂಡವನು. ಆ ಸಂತನ ಮಗ ಖಲೀಲುಲ್ಲಾ ಬೀದರಿಗೆ ಬಂದು ನೆಲೆಸಿದನು. ಅಷ್ಟೂರಿನ ಹಾದಿಯಲ್ಲಿರುವ ಚೌಖಂಡಿ ಅವನ ಸಮಾಧಿ. ಕಿರ್ಮಾನ್ ಕಾರೇಜುಗಳ ನಾಡು. ಸಂತರೂ ವರ್ತಕರೂ ಶಿಲ್ಪಿಗಳೂ ಬಂದ ಹಾದಿಯಲ್ಲಿ ನೀರಿನ ವಿದ್ಯೆಯೂ ಬಂದಿತೆಂದು ತಿಳಿಯುವುದು ಯುಕ್ತ.

ಬೀದರಿನಲ್ಲಿ ನೌಬಾದ್, ಶುಕ್ಲತೀರ್ಥ ಮತ್ತು ಜಮ್ನಾ ಮೋರಿ ಎಂಬ ಮೂರು ಕಾರೇಜುಗಳನ್ನು ಗುರುತಿಸಲಾಗಿದೆ. ನೌಬಾದಿನದು ಸುಮಾರು 3 ಕಿ.ಮೀ. ಉದ್ದದ್ದು, ಅದರ ಮೇಲೆ 21 ಗಾಳಿಬಾವಿಗಳಿವೆಯೆಂದು ದಾಖಲಾಗಿದೆ. ಭೂಗೋಳ ವಿದ್ವಾಂಸ ವಿ. ಗೋವಿಂದನ್‌ಕುಟ್ಟಿ ಅವರು ಸ್ಥಳೀಯ ಯುವಕರ ನೆರವಿನಿಂದ ಇದರ ಜಾಡನ್ನು ನಕ್ಷೆಗಿಳಿಸಿದರು. 2014ರಲ್ಲಿ ಬೀದರ್ ನಗರ ವಿಶ್ವ ಸ್ಮಾರಕ ನಿಧಿಯ ಗಮನಪಟ್ಟಿಯಲ್ಲಿ ಸ್ಥಾನ ಪಡೆಯಿತು. ಅದೇ ದಶಕದ ನಡುಭಾಗದಲ್ಲಿ, ಅನುರಾಗ್ ತಿವಾರಿ ಅವರು ಜಿಲ್ಲಾಧಿಕಾರಿಯಾಗಿದ್ದಾಗ, ಜಿಲ್ಲಾಡಳಿತವು ಬಾವಿಗಳ ಹೂಳನ್ನೂ ಕಸವನ್ನೂ ತೆಗೆಸಿತು. ಅದಕ್ಕೆ ಮುನ್ನ ಹಲವು ಗಾಳಿಬಾವಿಗಳು ತಿಪ್ಪೆಗುಂಡಿಗಳಾಗಿದ್ದವು.

ಕೆಲವು ವರ್ಷಗಳ ಹಿಂದೆ ಹರಿಹರ ಮತ್ತು ದಾವಣಗೆರೆ ಕಡೆಯ ಜಾನಪದಾಸಕ್ತರ ಒಂದು ತಂಡದೊಡನೆ ಈ ಲೇಖಕನು ಅಲ್ಲಿಗೆ ಹೋಗಿದ್ದನು. ತಂಡದಲ್ಲಿ ಅಧ್ಯಾಪಕರಿದ್ದರು, ನಮ್ಮ ಕೊಂಡಜ್ಜಿಯ ಕೆಲವು ರೈತಕುಟುಂಬದವರೂ ಇದ್ದರು. ಸ್ಥಳ ತೋರಿಸಲು ಬಂದ ಮಾರ್ಗದರ್ಶಿ ಆ ಭಾಗದವನೇ. ಬಾವಿಯ ಕಟ್ಟೆಯ ಬಳಿ ನಿಂತು ಅವನು ಮೊದಲು ಇತಿಹಾಸದ ಪುಸ್ತಕದ ಮಾತನ್ನು ಒಪ್ಪಿಸಿದನು: ಬಹಮನಿ ಕಾಲ, ಪರ್ಷಿಯಾದ ತಂತ್ರಜ್ಞಾನ, ಗಾಳಿಬಾವಿಗಳ ಸಂಖ್ಯೆ. ಅದು ಮುಗಿದ ಮೇಲೆ ಅವನ ದನಿ ಬದಲಾಯಿತು. "ಕಿಲ್ಲಾದಿಂದ ಇಲ್ಲಿತನಕಾ ದಾರಿ ಅದರಿ. ದುಶ್ಮನ್ ಬಂದ್ರ ರಾಜಾ, ರಾಣಿ ಇದ್ರಾಗಿಂದೇ ಪಾರಾಗ್ತಿದ್ರಂತ ನಮ್ಮ ಮುತ್ಯಾ ಹೇಳ್ತಿದ್ದ" ಎಂದನು. ಅಲ್ಲಿಯವರೆಗೆ ಬಿಸಿಲಿಗೆ ಬೇಸತ್ತಿದ್ದ ಕೇಳುಗರೆಲ್ಲ ಕಟ್ಟೆಗೆ ಹತ್ತಿರ ಸರಿದರು. ಮೊದಲಿನದು ಅವನು ಕಲಿತದ್ದು, ಎರಡನೆಯದು ಅವನಿಗೆ ಬಂದದ್ದು. ಜನಪದ ಅಧ್ಯಯನ ಮಾಡುವವರಿಗೆ ಈ ಎರಡರ ನಡುವಿನ ಬಿರುಕು ಮುಖ್ಯವಾದ ಆಕರ.

ಅವನ ಮಾತನ್ನು ತರ್ಕದಿಂದ ತಳ್ಳಿಹಾಕುವುದು ಸುಲಭ. ಕಾಲ ಬುಡದಲ್ಲಿ ಸದಾ ನೀರು ಹರಿಯುವ, 21 ಕಡೆ ಆಕಾಶಕ್ಕೆ ಬಾಯಿ ತೆರೆದಿರುವ ದಾರಿಯನ್ನು ಗುಪ್ತಮಾರ್ಗವೆಂದು ಯಾವ ಅರಸನು ನಂಬಿಯಾನು? ಆದರೆ ಐತಿಹ್ಯವೊಂದು ತಪ್ಪೆಂದು ತೋರಿಸಿದ ಮಾತ್ರಕ್ಕೆ ಅದು ಹುಟ್ಟಿದ ಬಗೆ ತಿಳಿಯುವುದಿಲ್ಲ. ಸುರಂಗ ಎಂಬ ಪದವನ್ನೇ ನೋಡಬಹುದು. ಸಂಸ್ಕೃತದ 'ಸುರುಂಗಾ' ಗ್ರೀಕಿನ 'ಸಿರಿಂಕ್ಸ್' ಎಂಬ ಪದದಿಂದ ಬಂದಿರಬೇಕೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಬರುವುದು ಅರಮನೆಯ ಗೂಢಮಾರ್ಗದ ಮತ್ತು ಕೋಟೆಯ ಕಾಳಗದ ಸಂದರ್ಭದಲ್ಲಿ. ಮಹಾಭಾರತದ ಅರಗಿನ ಮನೆಯಿಂದ ಪಾಂಡವರು ಪಾರಾದದ್ದು ಸುರಂಗದಿಂದ. ಆ ಪ್ರಸಂಗವನ್ನು ಬಯಲಾಟದಲ್ಲಿ, ಗಮಕದಲ್ಲಿ ಕೇಳದ ಹಳ್ಳಿ ಕನ್ನಡ ನಾಡಿನಲ್ಲಿಲ್ಲ. ನಮ್ಮ ಕಡೆಯ ಚಿತ್ರದುರ್ಗದ ಒನಕೆ ಓಬವ್ವನ ಐತಿಹ್ಯದಲ್ಲಿಯಂತೂ ನೀರೂ ಕಳ್ಳದಾರಿಯೂ ಒಂದೇ ಎಡೆಯಲ್ಲಿ ಸೇರಿವೆ. ಊಟಕ್ಕೆ ಕುಳಿತ ಗಂಡನಿಗಾಗಿ ತಣ್ಣೀರು ದೋಣಿಯಿಂದ ನೀರು ತರಲು ಹೋದವಳೇ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡವಳು. ಹೀಗೆ, ಸುರಂಗವೆಂದರೆ ಏನೆಂಬುದನ್ನು ಪದವೂ ಪುರಾಣವೂ ಐತಿಹ್ಯವೂ ಕೇಳುಗನಿಗೆ ಮೊದಲೇ ಹೇಳಿಕೊಟ್ಟಿವೆ. ನೀರು ಬತ್ತಿದ ಸುರಂಗವೊಂದು ಕಣ್ಣಿಗೆ ಬಿದ್ದಾಗ ಆ ಸಿದ್ಧ ಕಥೆ ತಾನಾಗಿ ಬಂದು ಅದರೊಳಗೆ ಸೇರಿಕೊಳ್ಳುತ್ತದೆ.

ಇನ್ನು ಅದೇ ಬೀದರಿನ ಇತರ ಜಲನೆಲೆಗಳನ್ನು ಗಮನಿಸಬೇಕು. ಝರಣಿ ನರಸಿಂಹನ ಕ್ಷೇತ್ರದಲ್ಲಿ ಭಕ್ತರು ಸುಮಾರು 300 ಮೀಟರ್ ಉದ್ದದ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯುತ್ತಾರೆ. ನರಸಿಂಹನಿಂದ ಹತನಾದ ಝರಾಸುರನು ನೀರಾಗಿ ಸ್ವಾಮಿಯ ಪಾದದಡಿ ಹರಿಯುತ್ತಿದ್ದಾನೆಂಬುದು ಅಲ್ಲಿನ ಸ್ಥಳಪುರಾಣ. ನಾನಕ್ ಝರಾದಲ್ಲಿ, ಕುಡಿಯುವ ನೀರಿಲ್ಲದೆ ಕಂಗಾಲಾಗಿದ್ದ ಜನರಿಗಾಗಿ ಗುರುನಾನಕರು ಪಾದುಕೆಯಿಂದ ಕಲ್ಲನ್ನು ಸರಿಸಲು ಸಿಹಿನೀರು ಚಿಮ್ಮಿತೆಂದು ಹೇಳುತ್ತಾರೆ. ಪಾಪನಾಶದ ಲಿಂಗವನ್ನು ಲಂಕೆಯಿಂದ ಮರಳುವಾಗ ಶ್ರೀರಾಮನು ಸ್ಥಾಪಿಸಿದನೆಂಬ ಪ್ರತೀತಿಯಿದೆ. ಭೂವಿಜ್ಞಾನದ ದೃಷ್ಟಿಯಿಂದ ಇವೆಲ್ಲ ಒಂದೇ ಜಂಬಿಟ್ಟಿಗೆಯ ನೀರು. ಝರಣಿಯ ಗುಹೆಗೂ ನೌಬಾದಿನ ಕಾಲುವೆಗೂ ಹೊರನೋಟಕ್ಕೆ ಹೆಚ್ಚಿನ ಭೇದವಿಲ್ಲ: ಎರಡೂ ಕತ್ತಲ ಓಣಿಗಳು, ಎರಡರ ಕೆಳಗೂ ನೀರು. ಆದರೂ ಝರಣಿಯ ಗುಹೆಯನ್ನು ರಾಜನು ಓಡಿಹೋದ ದಾರಿಯೆಂದು ಯಾರೂ ಹೇಳುವುದಿಲ್ಲ.

ಇದಕ್ಕೆ ಕಾರಣ ಬಳಕೆ. ಝರಣಿಯ ನೀರಿನಲ್ಲಿ ಜನ ಇಂದಿಗೂ ಇಳಿಯುತ್ತಾರೆ, ನಾನಕ್ ಝರಾದ ನೀರನ್ನು ತೀರ್ಥವೆಂದು ಮನೆಗೆ ಒಯ್ಯುತ್ತಾರೆ. ಮೈಗೆ ತಾಗುವ ನೀರನ್ನು ಕಥೆ ಮರೆಯುವುದಿಲ್ಲ. ನೌಬಾದಿನ ನೀರಿಗೆ ಜಾತ್ರೆಯಿಲ್ಲ, ಹರಕೆಯಿಲ್ಲ. ಅದು ಮನೆಯ ಕೊಡಕ್ಕೂ ತೋಟದ ಮಡಿಗೂ ಹರಿದ ನೀರು. ಆ ಬಳಕೆ ನಿಂತ ದಿನವೇ ಅದರ ಅರ್ಥವೂ ತೆರವಾಯಿತು. ಅಹಮದ್ ಷಾನ ಬಗೆಗಿನ ನೆನಪೂ ಇದನ್ನೇ ಸೂಚಿಸುತ್ತದೆ. ಬರಗಾಲದಲ್ಲಿ ಅವನು ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಅಂದಿನಿಂದ ಜನ ಅವನನ್ನು 'ವಲಿ' ಎಂದು ಕರೆದರೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅಷ್ಟೂರಿನ ಅವನ ಸಮಾಧಿಯಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಉರುಸು ನಡೆಸುತ್ತಾರೆ. ಅಲ್ಲಮಪ್ರಭುವೆಂದು ಅವನನ್ನು ನೆನೆಯುವವರೂ ಉಂಟು. ರಾಜಧಾನಿಯ ನೆಲದಡಿ ನೀರು ಹರಿಸಿದ ಕಾಲದ ದೊರೆ, ಜನರ ಪಾಲಿಗೆ ಮುಗಿಲಿನಿಂದ ನೀರು ಇಳಿಸಿದವನಾಗಿ ಉಳಿದಿದ್ದಾನೆ.

ಬಳಕೆಯೇ ಕಾರಣವೆಂಬ ಮಾತಿಗೆ ಕಾಸರಗೋಡಿನ ಕನ್ನಡ ಪ್ರದೇಶದಲ್ಲಿ ಒಳ್ಳೆಯ ಸಾಕ್ಷ್ಯ ದೊರೆಯುತ್ತದೆ. ಬಾಯಾರು, ಪಡ್ರೆ ಸುತ್ತಿನ ಗುಡ್ಡಗಳಲ್ಲಿ ಸುರಂಗವೆಂದರೆ ನೀರೇ. ಅಲ್ಲಿಯೂ ಅದೇ ಜಂಬಿಟ್ಟಿಗೆ. ಅವರ ಮಾತಿನಲ್ಲಿ ಮುರಕಲ್ಲು. ಗುಡ್ಡದ ಬದಿಯಿಂದ ಅಡ್ಡಲಾಗಿ ಒಬ್ಬಾಳು ನುಗ್ಗುವಷ್ಟು ಕೊರೆಯುತ್ತ ಹೋಗಿ, ಒಸರು ಸಿಕ್ಕಾಗ ನಿಲ್ಲಿಸಿ, ನೀರನ್ನು ಹೊರಗಿನ ಕೆರೆಗೆ ಹಾಯಿಸುತ್ತಾರೆ. ಉದ್ದವನ್ನು ಹೇಳುವುದು ಕೋಲಿನ ಲೆಕ್ಕದಲ್ಲಿ. ಒಳಗಿನ ದೀಪ ಮಂಕಾದರೆ ಗಾಳಿ ಕೆಟ್ಟಿದೆಯೆಂದು ತಿಳಿದು ಹೊರಬರುತ್ತಾರೆ. ಬೀದರಿನದು ರಾಜಾಶ್ರಯದ ಕಾಮಗಾರಿ, ಇದು ಒಂದು ಮನೆಯ ಅಡಿಕೆ ತೋಟದ ಅಗತ್ಯ. ಅಲ್ಲಿ ಸುರಂಗ ಕೊರೆದ ಕುಟುಂಬಗಳು ಇನ್ನೂ ಇವೆ, ಸುರಂಗದ ನೀರಿನಲ್ಲಿ ಅನ್ನ ಬೇಯಿಸುವವರೂ ಇದ್ದಾರೆ. ಅರಗಿನ ಮನೆಯ ಪ್ರಸಂಗ ಯಕ್ಷಗಾನದ ಆ ಸೀಮೆಗೆ ಅಪರಿಚಿತವೇನಲ್ಲ. ಆದರೂ ತೋಟದ ಸುರಂಗಕ್ಕೆ ಆ ಕಥೆ ಅಂಟಿಕೊಂಡಿಲ್ಲ.

ನೌಬಾದಿನ ಐತಿಹ್ಯದಲ್ಲಿ ಸತ್ಯದ ಎಳೆಯೇ ಇಲ್ಲವೆನ್ನಲೂ ಆಗದೆಂಬ ಆಕ್ಷೇಪ ಬರಬಹುದು. ಮುತ್ತಿಗೆಗೆ ಸಿಕ್ಕ ಊರಿಗೆ ನೀರಿನ ದಾರಿಯೇ ಪ್ರಾಣದ ದಾರಿ. ಶತ್ರುವಿಗೆ ಅದು ತಿಳಿಯಬಾರದು. ರಾಜನ ಪ್ರಾಣ ಉಳಿಸಿದ ಗುಟ್ಟಿನ ಹಾದಿ ಎಂಬ ಮಾತು ಆ ಎಚ್ಚರದ ಪಳೆಯುಳಿಕೆಯಾಗಿರಬಹುದೇ? ಊಹೆ ಆಕರ್ಷಕವಾಗಿದೆ. ಆದರೆ ಕಾರೇಜು ಸಾಗುವ ನೌಬಾದ್ ಕೋಟೆಯ ಹೊರಗಣ ವಸತಿ. ಹೆಸರೇ ಹೊಸ ಊರೆಂದು ಸಾರುತ್ತದೆ. ಅಲ್ಲಿನ ನೀರು ಸೇನೆಗಿಂತ ಒಕ್ಕಲಿಗೆ ಹೆಚ್ಚು ಸಂಬಂಧಿಸಿದ್ದು. ಆದುದರಿಂದ ಈ ಊಹೆಯನ್ನು ಒಪ್ಪುವುದು ಕಷ್ಟ.

ಅಂದು ಮಾರ್ಗದರ್ಶಿಗೆ ಸರಿಯಾದ ಪ್ರಶ್ನೆ ಕೇಳಿದವರು ಅಧ್ಯಾಪಕರಲ್ಲ, ಕೊಂಡಜ್ಜಿಯ ಒಬ್ಬ ಹಿರಿಯ ಹೆಣ್ಣುಮಗಳು. ಕೆರೆಯ ಊರಿನಲ್ಲಿ ಬಾಳಿದವರು. ರಾಜ ರಾಣಿಯರ ಮಾತು ಮುಗಿಯುವ ತನಕ ಸುಮ್ಮನಿದ್ದು, "ಅದೆಲ್ಲ ಸರಿಯಪ್ಪ, ಇದರ ತೂಬು ಎಲ್ಲೈತಿ? ಯಾರ ಹೊಲಕ್ಕೆ ಬಿಡ್ತಿದ್ರು?" ಎಂದರು. ತೂಬಿದ್ದಲ್ಲಿ ಸರದಿಯಿರುತ್ತದೆ, ಸರದಿಯಿದ್ದಲ್ಲಿ ನೀರುಗಂಟಿಯಿರುತ್ತಾನೆ, ಜಗಳವೂ ಪಂಚಾಯಿತಿಯೂ ಇರುತ್ತವೆ. ಮಾರ್ಗದರ್ಶಿ ಕ್ಷಣಕಾಲ ತಡೆದನು. ಬಳಿಕ, ತಾನು ಹುಡುಗನಾಗಿದ್ದಾಗ ಆ ಬಾವಿಯೊಂದರಲ್ಲಿ ಎಮ್ಮೆಗಳಿಗೆ ನೀರು ಸೇದಿ ಕುಡಿಸುತ್ತಿದ್ದುದನ್ನು ಹೇಳತೊಡಗಿದನು. ಯಾವ ಮನೆಯವರು ಎಲ್ಲಿ ಬಟ್ಟೆ ಒಗೆಯುತ್ತಿದ್ದರು, ಯಾವ ಬಾವಿಯ ನೀರಿಗೆ ಬೇಳೆ ಬೇಗ ಬೇಯುತ್ತಿತ್ತು ಎಂಬುದೆಲ್ಲ ಅವನಿಗೆ ನೆನಪಿತ್ತು. ಅದುವರೆಗೆ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ.

ಕ್ಷೇತ್ರಕಾರ್ಯ ಆರಂಭವಾಗಬೇಕಾದುದು ಇಲ್ಲಿಂದ. ಹೆಸರುಗಳು ಅದಕ್ಕೆ ದಾರಿ ತೋರುತ್ತವೆ. ಬೀದರಿನ ಇನ್ನೆರಡು ಕಾರೇಜುಗಳ ಹೆಸರಿನಲ್ಲಿ ನೀರು ಅಳಿದಿಲ್ಲ: ಒಂದು ತೀರ್ಥ, ಇನ್ನೊಂದು ಯಮುನೆಯ ಹೆಸರು ಹೊತ್ತ ಮೋರಿ. ವಿಜಯಪುರದ ತೊರವಿಯ ಕಡೆ ಆದಿಲ್ ಶಾಹಿ ಕಾಲದಲ್ಲಿ ನಗರಕ್ಕೆ ನೀರು ತಂದ ನೆಲದಡಿಯ ವ್ಯವಸ್ಥೆಯ ಭಾಗಕ್ಕೆ ಸುರಂಗ ಬಾವಡಿಯೆಂದೇ ಹೆಸರು. 2020ರ ವಿಶ್ವ ಸ್ಮಾರಕ ಗಮನಪಟ್ಟಿಯಲ್ಲಿ ಅದೂ ಸೇರಿತು. ನೌಬಾದಿನ 21 ಗಾಳಿಬಾವಿಗಳನ್ನು ನಕ್ಷೆಯಲ್ಲಿ ಅಂಕಿಗಳಿಂದ ಗುರುತಿಸಲಾಗುತ್ತದೆ. ನೀರು ಸೇದಿದವರು ಬಾವಿಗಳನ್ನು ಅಂಕಿಯಿಂದ ಕರೆದಿರಲಾರರು. ಮನೆತನದ, ಮರದ, ಪಕ್ಕದ ಹೊಲದ ಹೆಸರಿನಿಂದಲೇ ಕರೆದಿರಬೇಕು. ಅಂತಹ ಹೆಸರುಗಳನ್ನು ಬಲ್ಲವರು ಆ ಓಣಿಗಳಲ್ಲಿ ಕೊಡ ಹೊತ್ತ ವೃದ್ಧೆಯರು, ದನ ಕಾಯ್ದ ವೃದ್ಧರು. ಬಡಾವಣೆಗಳು ಬೆಳೆದಂತೆ ಕೊಳವೆಬಾವಿಗಳು ಅದೇ ಜಂಬಿಟ್ಟಿಗೆಯ ನೀರನ್ನು ಮೇಲಿನಿಂದ ಹೀರುತ್ತಿವೆ. ಹೂಳೆತ್ತುವ ಕೆಲಸ ಮತ್ತೆ ಎಂದಾದರೂ ನಡೆಯಬಹುದು. ಆ ವೃದ್ಧರ ಬಳಿಗೆ ಮಾತ್ರ ಈಗಲೇ ಹೋಗಬೇಕಾಗಿದೆ.