ಗಾಮಾ ಕಿರಣವೂ ಪಾಲಿಥೀನಿನ ಎಳೆಯೂ

ಇಂಗ್ಲೆಂಡಿನ ಚೆಷೈರ್ ಪ್ರಾಂತದ ವಿನ್ನಿಂಗ್ಟನ್ನಿನಲ್ಲಿದ್ದ ಒಂದು ಪ್ರಯೋಗಶಾಲೆಯಲ್ಲಿ, 1933ರ ಮಾರ್ಚ್ ತಿಂಗಳಲ್ಲಿ, ಗಿಬ್ಸನ್ ಮತ್ತು ಫಾಸೆಟ್ ಎಂಬಿಬ್ಬರು ಎಥಿಲೀನ್ ಅನಿಲವನ್ನು ಅತಿಯಾದ ಒತ್ತಡಕ್ಕೆ ಗುರಿಮಾಡಿದರು. ಪಾತ್ರೆಯನ್ನು ತೆರೆದಾಗ ಮೇಣದಂಥ ಬಿಳಿಯ ವಸ್ತು ಚೂರು ಉಳಿದಿತ್ತು. ಅದೇ ಪಾಲಿಥೀನು. ಎರಡನೆಯ ಮಹಾಯುದ್ಧದಲ್ಲಿ ರೇಡಾರಿನ ತಂತಿಗಳಿಗೆ ಹೊದಿಕೆಯಾಗಿ ಅದು ಒದಗಿತು. ಈಗಂತೂ ಅದಿಲ್ಲದ ಮನೆಯಿಲ್ಲ. ಅದಕ್ಕೊಂದು ಕೊರತೆಯುಂಟು. ಸುಮಾರು 110 ಡಿಗ್ರಿ ಶಾಖಕ್ಕೆ ಕರಗಿ ಹರಿದುಬಿಡುತ್ತದೆ.

ಪಾಲಿಮರ್ ಎಂಬುದು ಗ್ರೀಕ್ ಮೂಲದ ಮಾತು. ಹಲವು ಭಾಗಗಳುಳ್ಳದ್ದು ಎಂದು ಅರ್ಥ. ಪದಕ್ಕೆ ಪದ ಸೇರಿ ಸಮಾಸವಾಗುವಂತೆ ಎಥಿಲೀನಿನ ಸಾವಿರಾರು ಅಣುಗಳು ಕೂಡಿಕೊಂಡು ಒಂದೊಂದು ಎಳೆಯಾಗುತ್ತವೆ. ಬಾಣಭಟ್ಟನ ಸಮಾಸಗಳೂ ಇವುಗಳ ಮುಂದೆ ಗಿಡ್ಡವೇ ಸರಿ! ಆದರೆ ಎಳೆಗೂ ಎಳೆಗೂ ನಡುವೆ ಗಂಟಿಲ್ಲ. ಬಿಸಿ ತಾಕಿದೊಡನೆ, ಬೆಂದ ಶಾವಿಗೆಯ ಹಾಗೆ, ಒಂದರ ಮೇಲೊಂದು ಜಾರುತ್ತವೆ.

ಈ ಎಳೆಗಳಿಗೆ ಗಂಟುಹಾಕುವ ಉಪಾಯ ಪರಮಾಣು ಕುಲುಮೆಯಿಂದ ಬಂದಿತು. ಅಮೆರಿಕದ ಮಾಲ್ಕಮ್ ಡೋಲ್ 1948ರಲ್ಲಿಯೇ ಇದರ ಸುಳಿವನ್ನು ಕೊಟ್ಟಿದ್ದರು. ಇಂಗ್ಲೆಂಡಿನ ಹಾರ್ವೆಲ್ ಕೇಂದ್ರದಲ್ಲಿ ಆರ್ಥರ್ ಚಾರ್ಲ್ಸ್‌ಬಿ ಪಾಲಿಥೀನನ್ನು ಕುಲುಮೆಯೊಳಗಿಟ್ಟು ಪರೀಕ್ಷಿಸಿ, 1952ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಕೋಬಾಲ್ಟ್-60ರಿಂದ ಹೊಮ್ಮುವ ಗಾಮಾ ಕಿರಣದಿಂದಲೂ ಇದೇ ಫಲ ದೊರೆಯುತ್ತದೆ. ಕಿರಣ ತಾಕಿದೆಡೆಯಲ್ಲಿ ಎಳೆಯಿಂದ ಜಲಜನಕದ ಪರಮಾಣುವೊಂದು ಕಳಚಿಹೋಗುತ್ತದೆ. ಬರಿದಾದ ಆ ತಾಣ ಜೊತೆಗಾಗಿ ಕಾಯುತ್ತದೆ. ಪಕ್ಕದ ಎಳೆಯಲ್ಲಿಯೂ ಹಾಗೆಯೇ ಬರಿದಾದ ತಾಣವಿದ್ದರೆ ಎರಡೂ ಕೈಹಿಡಿಯುತ್ತವೆ. ಶಾವಿಗೆಯಾಗಿದ್ದುದು ಬೆಸ್ತರ ಬಲೆಯಾಗುತ್ತದೆ. ಇಂಥ ಪಾಲಿಥೀನು ಕಾದರೂ ಹರಿಯದು, ರಬ್ಬರಿನಂತೆ ಮೆತುವಾಗಿ ನಿಲ್ಲುತ್ತದೆ. ಗಾಮಾ ಕಿರಣ ಬಿದ್ದ ಮಾತ್ರಕ್ಕೆ ಪಾಲಿಥೀನೇ ಕಿರಣ ಸೂಸತೊಡಗುತ್ತದೆಂಬ ಭಯ ಬೇಡ. ಆದರೆ ಎಲ್ಲ ಪ್ಲಾಸ್ಟಿಕ್ಕಿಗೂ ಈ ಭಾಗ್ಯವಿಲ್ಲ. ಪರ್ಸ್ಪೆಕ್ಸ್, ಟೆಫ್ಲಾನುಗಳ ಎಳೆಗಳನ್ನು ಅದೇ ಕಿರಣ ತುಂಡರಿಸಿ ಕೆಡಿಸುತ್ತದೆ.

ಪಾಲಿಥೀನಿಗೂ ಒಂದು ಅಪಾಯವಿತ್ತು. ಅದು ತಿಳಿದುಬಂದದ್ದು ಮನುಷ್ಯನ ಸೊಂಟದಲ್ಲಿ.

ಲ್ಯಾಂಕಷೈರಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ ಎಂಬ ಶಸ್ತ್ರವೈದ್ಯರು ಸವೆದ ಸೊಂಟದ ಕೀಲನ್ನು ತೆಗೆದು, ಲೋಹದ ಗುಂಡನ್ನೂ ಅದು ಆಡಲು ಪ್ಲಾಸ್ಟಿಕ್ಕಿನ ಬಟ್ಟಲನ್ನೂ ಕೂಡಿಸುತ್ತಿದ್ದರು. ಮೊದಲು ಬಳಸಿದ ಟೆಫ್ಲಾನಿನ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದುಹೋಗಿ, ಪಾಪ, ರೋಗಿಗಳು ಮತ್ತೆ ಕತ್ತರಿಗೆ ಮೈಯೊಡ್ಡಬೇಕಾಯಿತು. 1962ರ ನವೆಂಬರಿನಿಂದ ಅವರು ಅತಿ ಉದ್ದನೆಯ ಎಳೆಗಳ ಪಾಲಿಥೀನನ್ನು ಹಿಡಿದರು. ಅದು ಬಾಳಿತು, ಲೋಕವೆಲ್ಲ ಹಬ್ಬಿತು. ಬಟ್ಟಲನ್ನು ಪೊಟ್ಟಣದಲ್ಲಿಟ್ಟು, 25 ಕಿಲೋಗ್ರೇ ಪ್ರಮಾಣದ ಗಾಮಾ ಕಿರಣ ಹಾಯಿಸಿ ರೋಗಾಣುಗಳನ್ನು ಕೊಲ್ಲುವುದು ರೂಢಿಯಾಯಿತು. ವೈದ್ಯಕೀಯ ಸಾಮಗ್ರಿಗಳನ್ನು ಹೀಗೆ ಶುದ್ಧಿಮಾಡುವ ಐಸೊಮೆಡ್ ಎಂಬ ಸ್ಥಾವರ ನಮ್ಮ ಮುಂಬಯಿಯ ಟ್ರಾಂಬೆಯಲ್ಲಿಯೂ 1974ರಲ್ಲಿ ಆರಂಭವಾಯಿತು.

ಕೀಲಿನ ಪೊಟ್ಟಣದೊಳಗೆ ಗಾಳಿಯಿತ್ತು. ಜೊತೆ ಸಿಗದೆ ಉಳಿದ ಬರಿದಾದ ತಾಣಗಳಿಗೆ ಆಮ್ಲಜನಕ ಬಂದು ಸೇರಿತು. ಗಂಟಾಗಬೇಕಾದಲ್ಲಿ ಎಳೆ ತುಂಡಾಯಿತು. ಬಟ್ಟಲು ಕಪಾಟಿನಲ್ಲಿ ಸುಮ್ಮನೆ ಕುಳಿತಿದ್ದಾಗಲೂ ಈ ಕೆಲಸ ವರ್ಷಗಟ್ಟಲೆ ನಡೆಯಿತು. ಹೊರಗಣ್ಣಿಗೆ ಏನೂ ತೋರದು. ಕೊಯ್ದು ನೋಡಿದರೆ ಮೇಲ್ಮೈಯ ಕೆಳಗೆ ಒಂದೆರಡು ಮಿಲಿಮೀಟರಿನಲ್ಲಿ ಪುಡಿಯಾಗುವಂಥ ಬಿಳಿಯ ಪಟ್ಟೆ. ಸವೆದ ಪುಡಿಯು ಸುತ್ತಣ ಮೂಳೆಯನ್ನು ಕರಗಿಸಿ ಕೀಲನ್ನು ಸಡಿಲಿಸುತ್ತಿತ್ತು. ರೋಗಾಣುವಿನಿಂದ ರಕ್ಷಿಸಲು ಕರೆತಂದ ಕಿರಣವೇ ಹೀಗೆ ಮುದುಕರ ನಡೆಗೆ ಮುಳುವಾದದ್ದು 1990ರ ದಶಕದಲ್ಲಿ ಚೆನ್ನಾಗಿ ಮನವರಿಕೆಯಾಯಿತು. ಗಾಳಿಯಿಲ್ಲದ ಪೊಟ್ಟಣಗಳು ಬಂದವು.

ಸೋಜಿಗವೆಂದರೆ ಪರಿಹಾರವೂ ಅದೇ ಕಿರಣದಲ್ಲಿತ್ತು. ಜಪಾನಿನ ವೈದ್ಯ ಊನಿಶಿ 1971ರಷ್ಟು ಹಿಂದೆಯೇ, ಬಲವಾಗಿ ಗಾಮಾ ಕಿರಣ ಹಾಯಿಸಿ ಗಂಟುಹಾಕಿದ ಬಟ್ಟಲುಗಳನ್ನು ಕೂಡಿಸಿದ್ದರು. 1990ರ ದಶಕದ ಕೊನೆಯಲ್ಲಿ ಆ ದಾರಿಯನ್ನೇ ಹಿಡಿದು, 50ರಿಂದ 100 ಕಿಲೋಗ್ರೇ ಕೊಟ್ಟು, ಆಮೇಲೆ ಬಿಸಿಮಾಡಿ ಉಳಿದ ತಾಣಗಳಿಗೂ ಜೊತೆಗೂಡಿಸುವ ಕ್ರಮ ಬಳಕೆಗೆ ಬಂದಿತು. ಸವೆತ ಬಹುಮಟ್ಟಿಗೆ ಇಳಿಯಿತು. ಪೂರ್ತಿ ಕರಗುವಂತೆ ಕಾಯಿಸಿದರೆ ವಸ್ತುವಿನ ಬಲ ತುಸು ಕುಗ್ಗುತ್ತದೆಂದು, ಕೆಲವರು ಕಾಯಿಸುವುದರ ಬದಲು ಪಾಲಿಥೀನಿಗೆ ವಿಟಮಿನ್ ಇ ಸೇರಿಸುತ್ತಾರೆ. ಅಡಿಗೆಯ ಎಣ್ಣೆಗೆ ಕಮಟು ಹತ್ತದಂತೆ ಕಾಯುವುದೂ ಅದೇ ವಿಟಮಿನ್ನು.