ಪಿಕಪ್‌ನ ದಾಹ

1925ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ತೆರೆದ ಉಕ್ಕಿನ ಪೆಟ್ಟಿಗೆಯೊಂದನ್ನು ಕೂರಿಸಿ 281 ಡಾಲರಿಗೆ ಮಾರಾಟಕ್ಕಿಟ್ಟಿತು. ಅದಕ್ಕೂ ಮೊದಲೇ ಅಲ್ಲಿನ ರೈತರು ಹಳೆಯ ಕಾರುಗಳ ಹಿಂಬದಿ ಕತ್ತರಿಸಿ, ಹಲಗೆ ಬಡಿದು, ಹೊಲದ ಸರಕು ಸಾಗಿಸುತ್ತಿದ್ದರು. ಈಗ ಆ ಕೆಲಸದ ಗಾಡಿ ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂತು. ಅದರ ಎಂಜಿನ್ನಿನ ಬಲ 20 ಅಶ್ವಶಕ್ತಿ. ಇಂದು ಅದೇ ಕಂಪನಿಯ ಎಫ್-150 ಪಿಕಪ್‌ಗೆ 300ಕ್ಕೂ ಮೇಲ್ಪಟ್ಟ ಅಶ್ವಶಕ್ತಿಯಿದೆ.

ಪಿಕಪ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಕೋಲಾರದ ಮಂಡಿಗೆ ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡು ಬರುವ ಗಾಡಿ. ಅಮೆರಿಕದಲ್ಲಿ ಅದು ಬಹುಮಟ್ಟಿಗೆ ಮನೆಯ ವಾಹನ. ಕಚೇರಿಗೆ, ಮಕ್ಕಳ ಶಾಲೆಗೆ, ಅಂಗಡಿಗೆ ಅದರಲ್ಲೇ ಹೋಗುತ್ತಾರೆ. ಹಿಂದಿನ ಪೆಟ್ಟಿಗೆ ಹೆಚ್ಚಿನ ದಿನ ಖಾಲಿ. ಪಿಕಪ್‌ನ ಮೈಲೇಜಿನ ಮಾತು ಶುರುವಾಗಬೇಕಾದದ್ದು ಈ ಖಾಲಿ ಪೆಟ್ಟಿಗೆಯಿಂದಲೇ. ಹೊರೆ ತುಂಬಿದ ಗಾಡಿ ಒಂದು ಲೀಟರಿಗೆ ಕಡಿಮೆ ದೂರ ಓಡಿದರೂ ಸಾಗಿಸಿದ ಪ್ರತಿ ಟನ್ನಿಗೆ ಲೆಕ್ಕ ಹಾಕಿದರೆ ಅದು ಮಿತವ್ಯಯಿ. ಒಬ್ಬನೇ ಕುಳಿತು ಎರಡು ಟನ್ ಲೋಹವನ್ನು ಕಚೇರಿಗೆ ಒಯ್ಯುವಾಗ ಆ ಸಮಾಧಾನವಿಲ್ಲ.

ಗಾಡಿಯ ಮೈಕಟ್ಟು ಕೂಡ ಇಂಧನಕ್ಕೆ ವೈರಿ. ಎತ್ತರದ ಚೌಕ ಮೂತಿ ಗಾಳಿಯನ್ನು ಸೀಳುವುದಿಲ್ಲ, ದೂಡುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಗಂಟೆಗೆ 55 ಮೈಲಿಯಿಂದ 70 ಮೈಲಿಗೆ ಹೋದರೆ ತಡೆ ಸುಮಾರು ಶೇ. 60ರಷ್ಟು ಹೆಚ್ಚುತ್ತದೆ. ಮೂರು ನಾಲ್ಕು ಟನ್ ತೂಕದ ಟ್ರೇಲರ್ ಎಳೆಯಲೆಂದು ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್‌ಗೆ ಹೆಚ್ಚು ಎಳೆತದ ಗೇರ್ ಅನುಪಾತ ಕೊಟ್ಟಿದ್ದರೆ, ಏನನ್ನೂ ಎಳೆಯದ ದಿನವೂ ಎಂಜಿನ್ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ. ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಏರ್ಪಾಡು, ಕಲ್ಲುದಾರಿಗೆಂದು ಮಾಡಿದ ಅಗಲ ಟೈರು, ಆ ಟೈರಿನಲ್ಲಿ ಗಾಳಿ ಕಡಿಮೆಯಿರುವುದು, ಎಲ್ಲವೂ ಸ್ವಲ್ಪ ಸ್ವಲ್ಪ ಕಸಿಯುತ್ತವೆ.

ಇಲ್ಲಿ ಒಂದು ಹಳೆಯ ನಂಬಿಕೆಯನ್ನು ಹೇಳಲೇಬೇಕು. ಹಿಂದಿನ ಡೋರನ್ನು ಕೆಳಗಿಳಿಸಿ ಓಡಿಸಿದರೆ ಗಾಳಿ ಸಲೀಸಾಗಿ ಹಾದುಹೋಗಿ ಪೆಟ್ರೋಲ್ ಉಳಿಯುತ್ತದೆ ಎಂದು ಎಷ್ಟೋ ಚಾಲಕರು ತಲೆಮಾರುಗಳಿಂದ ನಂಬಿದ್ದಾರೆ. ಕೇಳಿದರೆ ಸರಿಯೆನ್ನಿಸುವ ಮಾತೇ. ಆದರೆ ಡೋರ್ ಮುಚ್ಚಿದ್ದಾಗ ಪೆಟ್ಟಿಗೆಯೊಳಗೆ ಗಾಳಿಯ ಸುಳಿಯೊಂದು ಸಿಕ್ಕಿಕೊಂಡು ಅಲ್ಲೇ ತಿರುಗುತ್ತಿರುತ್ತದೆ. ಚಾಲಕನ ಕೋಣೆಯ ಮೇಲಿಂದ ಬಂದ ಗಾಳಿ ಆ ಸುಳಿಯ ಬೆನ್ನ ಮೇಲೆ ಜಾರಿ ಹಿಂದಕ್ಕೆ ಹೋಗುತ್ತದೆ. ಡೋರ್ ತೆಗೆದರೆ ಸುಳಿ ಒಡೆಯುತ್ತದೆ, ಎಳೆತ ಹೆಚ್ಚುತ್ತದೆ. 2005ರಲ್ಲಿ ‘ಮಿತ್‌ಬಸ್ಟರ್ಸ್’ ಎಂಬ ಟೆಲಿವಿಷನ್ ಕಾರ್ಯಕ್ರಮದವರು ಎರಡು ಪಿಕಪ್‌ಗಳನ್ನು ಓಡಿಸಿ ನೋಡಿದಾಗಲೂ ಡೋರ್ ಮುಚ್ಚಿದ ಗಾಡಿಯೇ ಹೆಚ್ಚು ದೂರ ಹೋಯಿತು.

ಇದಿಷ್ಟು ಭೌತವಿಜ್ಞಾನದ ಮಾತು. ಪಿಕಪ್ ಇಷ್ಟು ದೊಡ್ಡದಾಗಿ ಬೆಳೆದದ್ದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅದಕ್ಕೆ ಕಾಯಿದೆ ಪುಸ್ತಕ ತೆರೆಯಬೇಕು, ಅದೂ ಕೋಳಿಯಿಂದ ಆರಂಭಿಸಿ.

1962ರಲ್ಲಿ ಯೂರೋಪಿನ ಸಾಮಾನ್ಯ ಮಾರುಕಟ್ಟೆಯ ದೇಶಗಳು ಅಮೆರಿಕದ ಅಗ್ಗದ ಕೋಳಿಮಾಂಸದ ಮೇಲೆ ಸುಂಕ ಏರಿಸಿದವು. ಸಿಟ್ಟಿಗೆದ್ದ ಅಮೆರಿಕ ಪ್ರತೀಕಾರವಾಗಿ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ ಮತ್ತು ಹಗುರ ಟ್ರಕ್ಕುಗಳ ಮೇಲೆ ಶೇ. 25 ಸುಂಕ ಹೇರಿತು. 1964ರ ಜನವರಿಯಲ್ಲಿ ಅದು ಜಾರಿಗೆ ಬಂತು. ಉಳಿದ ಮೂರರ ಮೇಲಿನ ಹೆಚ್ಚುವರಿ ಸುಂಕ ಕಾಲಕ್ರಮದಲ್ಲಿ ಹೋಯಿತು. ಟ್ರಕ್ಕಿನ ಮೇಲಿನದು ಮಾತ್ರ ಹೋಗಲಿಲ್ಲ. ಜಪಾನಿನ ಕಂಪನಿಗಳು ಕೆಲವು ವರ್ಷ ಪೆಟ್ಟಿಗೆಯಿಲ್ಲದ ಗಾಡಿ ಕಳಿಸಿ, ಅಮೆರಿಕದ ಬಂದರಿಗೆ ಬಂದ ಮೇಲೆ ಪೆಟ್ಟಿಗೆ ಜೋಡಿಸಿ ಸುಂಕ ತಪ್ಪಿಸಿಕೊಂಡವು. 1980ರಲ್ಲಿ ಆ ಕಿಂಡಿಯೂ ಮುಚ್ಚಿತು. ಸುಬಾರು ಕಂಪನಿಯಂತೂ ತನ್ನ ಪುಟ್ಟ ಬ್ರ್ಯಾಟ್ ಗಾಡಿಯ ಪೆಟ್ಟಿಗೆಯೊಳಗೇ ಎರಡು ಪ್ಲಾಸ್ಟಿಕ್ ಆಸನ ಕೂರಿಸಿ, ಇದು ಟ್ರಕ್ಕಲ್ಲ, ಪ್ರಯಾಣಿಕರ ಕಾರು ಎಂದು ವಾದಿಸಿತು! ಒಟ್ಟಿನಲ್ಲಿ ಕಡಿಮೆ ಇಂಧನದ ಪರದೇಶಿ ಪಿಕಪ್‌ಗಳಿಗೆ ಬಾಗಿಲು ಕಿರಿದಾಯಿತು. ದೇಶೀ ಕಂಪನಿಗಳಿಗೆ ದೊಡ್ಡ ಗಾಡಿಯ ಪೇಟೆ ಸುರಕ್ಷಿತವಾಗಿ ಉಳಿಯಿತು.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹಾಕಿದಾಗ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಹತ್ತಿತು. 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ದೇಶದಾದ್ಯಂತ ಗಂಟೆಗೆ 55 ಮೈಲಿಯ ವೇಗಮಿತಿಗೆ ಸಹಿ ಹಾಕಿದರು (1995ರಲ್ಲಿ ಅದನ್ನು ತೆಗೆದುಹಾಕಲಾಯಿತು). 1975ರ ಡಿಸೆಂಬರಿನ ಇಂಧನ ಕಾಯಿದೆ, ಪ್ರತಿ ಕಂಪನಿ ಮಾರುವ ಕಾರುಗಳ ಸರಾಸರಿ 1985ರ ಹೊತ್ತಿಗೆ ಗ್ಯಾಲನ್ನಿಗೆ 27.5 ಮೈಲಿ, ಅಂದರೆ ಲೀಟರಿಗೆ ಸುಮಾರು 11.7 ಕಿ.ಮೀ. ಆಗಬೇಕೆಂದು ವಿಧಿಸಿತು. ಪಿಕಪ್‌ಗಳಿಗೆ ಎಷ್ಟು ಎಂಬುದನ್ನು ಸಾರಿಗೆ ಇಲಾಖೆಯ ವಿವೇಚನೆಗೆ ಬಿಟ್ಟಿತು. ರೈತನ, ಗಾರೆ ಕೆಲಸದವನ ಗಾಡಿಗೆ ಕಾರಿನ ಅಳತೆಗೋಲು ಬೇಡವೆಂಬುದು ಆಗ ಅನ್ಯಾಯದ ಮಾತೇನೂ ಆಗಿರಲಿಲ್ಲ. ಹೊಸ ವಾಹನಗಳಲ್ಲಿ ಟ್ರಕ್ ವರ್ಗದವು ಐದರಲ್ಲೊಂದು ಪಾಲು ಮಾತ್ರ ಇದ್ದವು. ಈ ರಿಯಾಯಿತಿ ಮುಂದೆ ಹೆದ್ದಾರಿಯಷ್ಟು ಅಗಲವಾಯಿತು.

ಎಫ್-150 ಹುಟ್ಟಿದ್ದೂ ಅದೇ ಕಾಲದಲ್ಲಿ, ಅದೇ ಬಗೆಯ ಇನ್ನೊಂದು ರಿಯಾಯಿತಿಯಿಂದ. ಹೊರೆಯೂ ಸೇರಿ 6,000 ಪೌಂಡ್ ಮೀರದ ಗಾಡಿಗಳ ಹೊಗೆಯ ನಿಯಮ ಬಿಗಿಯಾಗಿತ್ತು; ಅದನ್ನು ಪಾಲಿಸಲು ಕ್ಯಾಟಲಿಟಿಕ್ ಕನ್ವರ್ಟರ್ ಬೇಕು, ಕನ್ವರ್ಟರಿಗೆ ಸೀಸರಹಿತ ಪೆಟ್ರೋಲ್ ಬೇಕು. ಫೋರ್ಡ್ 1975ರ ಮಾದರಿಯಾಗಿ ತಂದ ಎಫ್-150 ಆ ಗೆರೆಗಿಂತ ತುಸು ಹೆಚ್ಚಿನ ತೂಕದ್ದು. ತೂಕ ಏರಿಸಿ ನಿಯಮ ದಾಟಿದ ಈ ಗಾಡಿಯ ವಂಶವೇ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಎನ್ನಿಸಿಕೊಂಡಿತು.

ಟ್ರಕ್ ಎಂದರೇನು ಎಂಬ ವ್ಯಾಖ್ಯಾನವೂ ಸಡಿಲವಾಗಿತ್ತು. ಹಿಂದಿನ ಸೀಟು ಕಳಚಿದರೆ ನೆಲ ಸಮತಟ್ಟಾಗುತ್ತದೆ ಎಂಬ ಕಾರಣಕ್ಕೆ ಕ್ರೈಸ್ಲರ್ ಕಂಪನಿಯ ಪಿಟಿ ಕ್ರೂಸರ್ ಎಂಬ ಪುಟ್ಟ ಕಾರು ಕೂಡ ಮೈಲೇಜ್ ಲೆಕ್ಕದಲ್ಲಿ ಟ್ರಕ್ ಆಯಿತು! ಇತ್ತ ಕಾಂಗ್ರೆಸ್ ಸಭೆ ಹೊಸ ಗುರಿ ನಿಗದಿಪಡಿಸಲು ಹಣವನ್ನೇ ಕೊಡದೆ ಹಲವು ವರ್ಷ ತಡೆಯಿತು; 1996ರಿಂದ 2004ರವರೆಗೆ ಹಗುರ ಟ್ರಕ್ಕುಗಳ ಗುರಿ ಗ್ಯಾಲನ್ನಿಗೆ 20.7 ಮೈಲಿಯಲ್ಲೇ ನಿಂತಿತು. ಎಂಜಿನಿಯರುಗಳು ಸುಮ್ಮನೆ ಕುಳಿತಿರಲಿಲ್ಲ. 1987ರಲ್ಲಿ ಹೊಸ ವಾಹನದ ಸರಾಸರಿ ಬಲ 118 ಅಶ್ವಶಕ್ತಿ, 2004ರಲ್ಲಿ 211. ಅದೇ ಅವಧಿಯಲ್ಲಿ ಕಾರು, ಟ್ರಕ್ ಎಲ್ಲ ಸೇರಿದ ಸರಾಸರಿ ಮೈಲೇಜು 22ರಿಂದ 19.3 ಮೈಲಿಗೆ ಇಳಿಯಿತು. ಇಂಧನ ಉಳಿಸಬಹುದಾಗಿದ್ದ ಜಾಣ್ಮೆಯೆಲ್ಲ ಬಲಕ್ಕೂ ತೂಕಕ್ಕೂ ಸಂದಿತು.

2007ರ ಕಾಯಿದೆ ಗುರಿಗಳನ್ನು ಮತ್ತೆ ಏರಿಸಿತು. ಆದರೆ ನಾಲ್ಕು ಚಕ್ರಗಳ ನಡುವಿನ ಜಾಗ ಎಷ್ಟು ದೊಡ್ಡದೋ ಗುರಿ ಅಷ್ಟು ಹಗುರ ಎಂಬ ಸೂತ್ರ ಬಂತು. ಸಣ್ಣ ಪಿಕಪ್‌ಗೆ ಇದು ಕಷ್ಟಕಾಲ. ಬೇರೆ ಕಾರಣಗಳೂ ಇದ್ದವೆನ್ನಿ. 2011ರಲ್ಲಿ ಫೋರ್ಡ್‌ನ ರೇಂಜರ್ ಮತ್ತು ಡಾಜ್‌ನ ಡಕೋಟಾ ಎರಡರ ತಯಾರಿಕೆಯೂ ಅಲ್ಲಿ ನಿಂತಿತು.

ಹಾಗೆಂದು ಕಾಯಿದೆ ವ್ಯರ್ಥವಾಯಿತೆನ್ನಲಾಗದು. 2015ರ ಎಫ್-150ಕ್ಕೆ ಉಕ್ಕಿನ ಬದಲು ಅಲ್ಯೂಮಿನಿಯಂ ಮೈ ಬಂದು ತೂಕ 700 ಪೌಂಡ್‌ವರೆಗೆ ಇಳಿಯಿತು. 2021ರಲ್ಲಿ ಬಂದ ಫೋರ್ಡ್‌ನ ಪುಟ್ಟ ಮಾವೆರಿಕ್‌ನಲ್ಲಿ ಹೈಬ್ರಿಡ್ ಎಂಜಿನ್ನೇ ಮೂಲ ಮಾದರಿ. ಊರೊಳಗಿನ ಓಟಕ್ಕೆ ಅದರ ಅಧಿಕೃತ ಅಂಕಿ ಗ್ಯಾಲನ್ನಿಗೆ 42 ಮೈಲಿ, ಲೀಟರಿಗೆ ಸುಮಾರು 17.9 ಕಿ.ಮೀ.

ಪಿಕಪ್ ಸ್ವಲ್ಪ ಸುಧಾರಿಸಿದರೂ ಲಾಭ ದೊಡ್ಡದು. ಡ್ಯೂಕ್ ವಿಶ್ವವಿದ್ಯಾಲಯದ ಲ್ಯಾರಿಕ್ ಮತ್ತು ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಎತ್ತಿ ತೋರಿಸಿದರು. ಲೀಟರಿಗೆ 15 ಕಿ.ಮೀ. ಓಡುವ ಕಾರು 20 ಕೊಟ್ಟರೆ ಸಾವಿರ ಕಿ.ಮೀ.ಗೆ ಉಳಿಯುವುದು ಸುಮಾರು 17 ಲೀಟರ್. ಆರು ಕಿ.ಮೀ. ಕೊಡುವ ಪಿಕಪ್ ಎಂಟು ಕೊಟ್ಟರೆ ಸುಮಾರು 42 ಲೀಟರ್! ಮೈಲೇಜ್ ಎಂಬ ಅಳತೆ ಇದನ್ನು ಮರೆಮಾಚುತ್ತದೆ. ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದು ಕೇಳುವ ಯೂರೋಪಿನವರ ಲೆಕ್ಕವೇ ಇಲ್ಲಿ ವಾಸಿ. ಅಂದರೆ ಅತಿ ಹೆಚ್ಚು ಉಳಿತಾಯ ಸಾಧ್ಯವಿದ್ದ ಗಾಡಿಗೇ ದಶಕಗಳ ಕಾಲ ಅತಿ ಹೆಚ್ಚು ವಿನಾಯಿತಿ ಸಿಕ್ಕಿತು.

ಗುರಿ ತಪ್ಪಿದ ಕಂಪನಿಗಳಿಗೆ ಮೊದಲು ಗೊತ್ತುಮಾಡಿದ್ದ ದಂಡ, ಪ್ರತಿ ಗಾಡಿಗೆ ಕೊರತೆಯ ಪ್ರತಿ ಹತ್ತನೇ ಒಂದು ಮೈಲಿಗೆ 5 ಡಾಲರ್. 2025ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾಯಿದೆ ಆ ದಂಡವನ್ನು ಸೊನ್ನೆಗೆ ಇಳಿಸಿತು.